ಮನೆ ಸುದ್ದಿ

ಬಲೆಯ ಹರಿದ ಕಣ್ಣಿಗೆ ಹಾಕುತ್ತಿದ್ದ ಗಂಟನ್ನು ಅರ್ಧಕ್ಕೇ ಬಿಟ್ಟು ಮುತ್ತ ತಲೆಯೆತ್ತಿದ. ಆ ಹುಡುಗ ಇವತ್ತೂ ಅಲ್ಲೇ ನಿಂತಿದ್ದ. ತಲೆ ಹೋದ ಬೋಳು ತೆಂಗಿನಮರಕ್ಕೆ ಬೆನ್ನು ಕೊಟ್ಟು, ಮೊಬೈಲನ್ನು ಎದೆಯ ಮಟ್ಟಕ್ಕೆ ಹಿಡಿದು, ಲೈಟ್‌ಹೌಸಿನ ಕಡೆ ಮುಖ ಮಾಡಿ.

ಬೇರೆಯವರಾಗಿದ್ದರೆ ಅದರಲ್ಲೇನಿದೆ ಎನ್ನುತ್ತಿದ್ದರು. ಕೋಡಿಯ ಬೀಚಿಗೆ ಬಂದವರೆಲ್ಲ ಲೈಟ್‌ಹೌಸಿನ ಫೋಟೊ ಹೊಡೆಯುತ್ತಾರೆ. ಆದರೆ ಮುತ್ತ ಕಡಲಿಗೆ ಹೋಗಿ ಮುದುಕನಾದವನು. ಹೊಳೆ ಕಡಲಿಗೆ ಸೇರುವ ಅಳಿವೆಯೊಳಗೆ ದೋಣಿ ತರುವುದೆಂದರೆ ತಮಾಷೆಯಲ್ಲ, ಎರಡೂ ಕಡೆ ನೀರಿನಡಿ ಮರಳದಿಬ್ಬ. ಬೋಳು ತೆಂಗಿನಮರವೂ ಅದರ ಹಿಂದಿನ ಲೈಟ್‌ಹೌಸೂ ಒಂದೇ ಕಂಬದ ಹಾಗೆ ಕೂಡಿಕೊಂಡು ಕಂಡ ಮೇಲೆಯೇ ಚುಕ್ಕಾಣಿ ತಿರುಗಿಸಬೇಕು. ಈ ಗುರ್ತು ಯಾವ ನಕ್ಷೆಯಲ್ಲೂ ಇಲ್ಲ. ಅಪ್ಪ ಮುತ್ತನಿಗೆ ಹೇಳಿಕೊಟ್ಟದ್ದು, ಅವನಿಗೆ ಅವನಪ್ಪ. ಎಲ್ಲಿಂದಲೋ ಬಂದ ಈ ಭಯ್ಯಾ ಇಷ್ಟುದ್ದ ಬೀಚಿನಲ್ಲಿ ಸರಿಯಾಗಿ ಆ ಗೆರೆಯ ಮೇಲೆಯೇ ನಿಲ್ಲುತ್ತಾನೆಂದರೆ! ದಿನಾ, ಸೂರ್ಯ ಇಳಿಯುವ ಹೊತ್ತಿಗೆ, ಫೋನು ಹಿಡಿದು!

ಹುಡುಗ ಐಸ್ ಪ್ಲಾಂಟಿನವನು, ಜಾರ್ಖಂಡದ ಕಡೆಯವನು. ಹೆಸರು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಭಯ್ಯಾ. ಬಲೆ ಎಳೆಯುವಾಗ ಕರೆಯದೆಯೇ ಬಂದು ಹಗ್ಗಕ್ಕೆ ಕೈ ಹಾಕುತ್ತಿದ್ದ. ಕೈ ಹಾಕಿದವನಿಗೆ ಮೀನು ಕೊಡುವುದು ಇಲ್ಲಿಯ ಪದ್ಧತಿ, ಹಾಗಾಗಿ ಅವನ ಪ್ಲಾಸ್ಟಿಕ್ ಚೀಲಕ್ಕೂ ನಾಲ್ಕು ಬೈಗೆ ಮೀನು ಬೀಳುತ್ತಿತ್ತು. ಮುತ್ತ ಪ್ರಾಯದಲ್ಲಿ ಬೊಂಬಾಯಿಯ ಬಂದರಿನಲ್ಲಿ ದುಡಿದವನಾದ್ದರಿಂದ ಅವನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ. ಹುಡುಗ ಅವನನ್ನು ಚಾಚಾ ಎನ್ನುತ್ತಿದ್ದ.

ಅದೆಲ್ಲ ಗಡಿಯಲ್ಲಿ ಗುಂಡಿನ ಸದ್ದು ಕೇಳುವ ಮೊದಲಿನ ಮಾತು. ಆಮೇಲೆ ಟೀವಿಯಲ್ಲಿ ರಾತ್ರಿ ಹಗಲು ಅದೇ. ಕರಾವಳಿಯಲ್ಲಿ ಎಚ್ಚರ ಇರಲಿ ಎಂದು ಅಧಿಕಾರಿಗಳು ಸಭಾಭವನದಲ್ಲಿ ಮೀಟಿಂಗ್ ಮಾಡಿ, ಸಂಶಯ ಬಂದರೆ ನಮಗೆ ತಿಳಿಸಿ, ನೀವೇ ಏನೂ ಮಾಡಬೇಡಿ ಎಂದು ಹೇಳಿ ಹೋದರು. ಅವರ ಜೀಪು ತಿರುವು ದಾಟಿತ್ತೋ ಇಲ್ಲವೋ, ಯುವಕ ಮಂಡಲದ ಪ್ರವೀಣ್ ಮೈಕು ಹಿಡಿದ. ಹೊರಗಿನಿಂದ ಬಂದವರ ಮೊಬೈಲನ್ನು ನಾವೇ ನೋಡಬೇಕು, ಯಾರಿಗೆ ಒಪ್ಪಿಗೆ ಎಂದು ಕೇಳಿದ. ಕೈಗಳು ಎದ್ದವು, ಹೆಂಗಸರದ್ದೂ. ಜಲಜಳದ್ದೂ ಎದ್ದಿತು, ಮುತ್ತನ ಹೆಂಡತಿಯದ್ದು.

ಏಳದಿದ್ದದ್ದು ರಿಟೈರ್ಡ್ ಮಾಸ್ತರು ವಿಷ್ಣುಮೂರ್ತಿಯವರದ್ದು. "ಒಬ್ಬನ್ ಫೋನ್ ಕಾಂಬುದ್ ಅಂದ್ರೆ ಅವ್ನ್ ಮನಿ ಒಳಗ್ ಹೊಕ್ಕ್ ಹಾಂಗೆ. ಪೊಲೀಸ್ರಿಗೇ ಅದಕ್ಕೊಂದ್ ಕಾನೂನ್ ಇತ್ತ್. ನಾವ್ ಯಾರ್ ಕಾಂಬುಕೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಮಾಷ್ಟ್ರ್ ಎಂತಕೆ ಹೆಗ್ಲ್ ಮುಟ್ಟಿ ಕಾಂತ್ರ್?" ಎಂದ ಪ್ರವೀಣ್. ಸಭಾಭವನ ಹಾರಿಹೋಗುವ ಹಾಗೆ ನಗೆ.

ಆಗ ಮುತ್ತ ಎದ್ದ. ಸಂಶಯ ಬಂದರೆ ಊದಲೆಂದು ಕರಾವಳಿ ಕಾವಲಿನವರು ಕೊಟ್ಟ ಸೀಟಿ ಅವನ ಕೊರಳಲ್ಲಿ ಆಗಲೇ ಜೋತಾಡುತ್ತಿತ್ತು. "ತಪ್ಪ್ ಮಾಡ್ದಿದ್ದವ್ನಿಗೆ ಹೆದ್ರಿಕೆ ಎಂತಕೆ? ಕಾಣಿ, ನನ್ನ್ ಫೋನ್ ಇಲ್ಲಿತ್ತ್. ಯಾರ್ ಬೇಕಾರೂ ಕಾಣಿ!" ಎಂದು ಮೊಬೈಲನ್ನು ಮೇಜಿನ ಮೇಲೆ ಇಟ್ಟೇಬಿಟ್ಟ. ಚಪ್ಪಾಳೆ ಬಿತ್ತು. ಅವನ ಫೋನಿನಲ್ಲಿ ಇದ್ದದ್ದಾದರೂ ಏನು, ಎರಡು ಭಜನೆ, ಬಂಗುಡೆಯ ದರ, ಮೊಮ್ಮಗಳ ಫೋಟೊ. ಯಾರೂ ಅದನ್ನು ಮುಟ್ಟಿಯೂ ನೋಡಲಿಲ್ಲ. ಆದರೆ ಪ್ರವೀಣ್ ವೀಡಿಯೊ ಮಾಡಿಕೊಂಡಿದ್ದ. ಮರುದಿನ ಬೈಂದೂರಿನ ನೆಂಟರೂ ಫೋನು ಮಾಡಿ "ಭಾರೀ ಹೇಳಿದ್ರಿ ಮರಾಯ್ರೆ" ಎಂದರು. ಮುತ್ತನಿಗೆ ಬಾಳಿನಲ್ಲಿ ಮೊದಲ ಸಲ ತಾನು ಊರಿಗೆ ಬೇಕಾದವನು ಅನ್ನಿಸಿತು. ಪಾಪ, ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಈಗ ಅವನು ಬಲೆಯನ್ನು ಮಡಿಲಿನಿಂದ ಕೆಳಗೆ ದೂಡಿ ಎದ್ದು ಸೀಟಿ ಊದಿದ.

ಬರಬೇಕಾದವರಿಗಿಂತ ಹೆಚ್ಚೇ ಜನ ಬಂದರು. ಪ್ರವೀಣ್ ಬೈಕಿನಲ್ಲಿ ಬಂದ, ಹಿಂದೆಯೇ ವಾಲಿಬಾಲ್ ಆಡುತ್ತಿದ್ದ ಅವನ ಸಂಗಡಿಗರು. ಪೇಟೆಯಲ್ಲಿ ಮೀನು ಮಾರಿ ಬಸ್ಸಿಳಿದಿದ್ದ ಹೆಂಗಸರು ಖಾಲಿ ಬುಟ್ಟಿ ಹೊತ್ತುಕೊಂಡೇ ಇತ್ತ ತಿರುಗಿದರು. ಅವರಲ್ಲಿ ಜಲಜಳೂ ಇದ್ದಳು.

"ಇದ್ ನಮ್ಮ್ ಅಳಿವೆ ಗುರ್ತ್," ಎಂದ ಮುತ್ತ, ಮರವನ್ನೂ ಲೈಟ್‌ಹೌಸನ್ನೂ ತೋರಿಸಿ. "ಸಮಾ ಗೆರಿ ಮೇಲೆ ನಿಂತ್ಕಂಡ್ ದಿನಾ ವೀಡಿಯೊ ಮಾಡ್ತಾ. ನಿಮ್ಗೆ ಇದ್ ಗೊತ್ತಾತಿಲ್ಲೆ, ನಂಗ್ ಗೊತ್ತಾತ್ತ್."

"ಹ್ವಾಯ್, ಫೋನ್ ಕೊಡಾ," ಎಂದ ಪ್ರವೀಣ್.

ಹುಡುಗ ಮುತ್ತನ ಮುಖ ನೋಡಿದ. ಮುತ್ತ ಹಿಂದಿಯಲ್ಲಿ ಹೇಳಿದ, ಕೊಡು, ಲಾಕ್ ತೆಗೆದು ಕೊಡು. ಹುಡುಗ ನಗುತ್ತಲೇ ಬೆರಳೊತ್ತಿ ತೆರೆದು ಕೊಟ್ಟ. ಇಲ್ಲಿ ಯಾಕೆ ನಿಲ್ಲುತ್ತಿ ಎಂದು ಕೇಳಿದ್ದಕ್ಕೆ, ಮರದ ಮರೆಗೆ ಗಾಳಿ ಕಡಿಮೆ ಚಾಚಾ, ಮಾತು ಕೇಳಿಸುತ್ತದೆ, ನನ್ನವಳಿಗೆ ಆ ದೀಪ ತಿರುಗುವುದನ್ನು ನೋಡಬೇಕಂತೆ, ಅವಳು ಸಮುದ್ರವನ್ನೇ ಕಂಡವಳಲ್ಲ ಎಂದ. ಮುತ್ತ ಲೈಟ್‌ಹೌಸಿನ ಕಡೆ ತಿರುಗಿ ನೋಡಿದ. ಇಷ್ಟೇನಾ! ಆದರೆ ಸೀಟಿ ಊದಿಯಾಗಿತ್ತು, ಊರು ಸೇರಿಯಾಗಿತ್ತು. "ಎಂತ ಹೇಳ್ತಾ?" ಎಂದು ಕೇಳಿದವರಿಗೆ "ಎಂತೆಂತದೋ ಹೇಳ್ತಾ" ಎಂದುಬಿಟ್ಟ.

ಫೋನು ಕೈಯಿಂದ ಕೈಗೆ ಹೋಯಿತು. ಲೈಟ್‌ಹೌಸು, ಐಸಿನ ಗಡ್ಡೆ, ಒಂದು ಆಡು, ಮಣ್ಣಿನ ಗೋಡೆಯ ಮುಂದೆ ಕೂತ ಸಣ್ಣ ಪ್ರಾಯದ ಹೆಂಗಸು. ಹೊಟ್ಟೆ ಮುಂದೆ ಬಂದಿತ್ತು, ಅದರ ಮೇಲೆ ಕೈಯಿಟ್ಟುಕೊಂಡು ನಾಚಿದ್ದಳು. "ಹೆಂಡ್ತಿ ಲಾಯ್ಕ್ ಇತ್ತ್ ಕಾಣ್ ಮಾರಾಯ," ಎಂದ ಒಬ್ಬ. ಇನ್ನೊಬ್ಬ ಬೆರಳಿನಿಂದ ಫೋಟೊ ಹಿಗ್ಗಿಸಿದ. ಹುಡುಗನ ನಗು ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಹೆಂಡತಿಯಿಂದ ವಾಯ್ಸ್ ಮೆಸೇಜು. ಹುಡುಗ ಕೈ ಚಾಚಿದ. ಪ್ರವೀಣ್ ಕೊಡದೆ ಫೋನನ್ನು ಮುತ್ತನ ಕೈಗೆ ಇಟ್ಟು, ತನ್ನ ಮೊಬೈಲಿನಲ್ಲಿ ವೀಡಿಯೊ ಶುರು ಮಾಡಿದ. "ಮುತ್ತಣ್ಣ, ಹಿಂದಿ ನಿಮ್ಗೇ ಬಪ್ಪುದ್. ಎಲ್ಲರಿಗೂ ಕೇಂಬ್ ಹಾಂಗೆ ಹಾಕಿ."

ಮುತ್ತ ಒತ್ತಿದ.

ಮೊದಲು ಉಸಿರು. ಆಮೇಲೆ ದನಿ, ಅತ್ತು ಅತ್ತು ಬತ್ತಿದ್ದು. ಬೆಳಿಗ್ಗೆಯೇ ಶುರುವಾಯಿತು, ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು, ಹೋಯಿತು, ಗಂಡು ಅಂತೆ. ಅತ್ತೆ ನನ್ನೊಡನೆ ಮಾತಾಡುತ್ತಿಲ್ಲ. ನೀನೊಂದು ಫೋನು ಮಾಡು, ಬೈಯುವುದಿದ್ದರೆ ಬೈ, ಒಂದು ಸಲ ಮಾತಾಡು.

ಹುಡುಗ ನಿಂತಲ್ಲೇ ಮರಳಿನಲ್ಲಿ ಕುಸಿದು ಕೂತ. ಎರಡೂ ಕೈಯಲ್ಲಿ ಮರಳನ್ನು ಹಿಡಿದುಕೊಂಡಿದ್ದ.

"ಎಂತ ಅಂಬ್ರ್? ಇವ ಎಂತಕೆ ಹೀಂಗ್ ಕೂತ?" ಪ್ರವೀಣ್ ಕೇಳಿದ. "ಹೇಳಿ ಮುತ್ತಣ್ಣ."

ಮುತ್ತನಿಗೆ ಅತ್ತ ದರಿ ಇತ್ತ ಪುಲಿ. ಹೆಣ್ಣಿನ ಅಂಥ ಸಂಕಟವನ್ನು ಈ ಪಡ್ಡೆಗಳ ನಡುವೆ ಹರಡುವುದು ಹೇಗೆ? ಅದು ನಿಜ. ಆದರೆ ಇನ್ನೊಂದೂ ನಿಜ. ಹೇಳಿದರೆ, ಊರು ಸೇರಿಸಿದ್ದು ಇದಕ್ಕಾ ಎಂದು ಇವರೆಲ್ಲ ತನ್ನನ್ನು ನೋಡುತ್ತಾರೆ. ಯಾವುದು ಮೊದಲು ಬಂತೋ, ಅವನ ಬಾಯಿ ಮಾತ್ರ ಹೀಗೆಂದಿತು, "ಸಮಾ ಗೊತ್ತಾಯ್ಲಿಲ್ಲೆ. ಅದ್ ಅವ್ರ್ ಕಡಿ ಭಾಷಿ."

ಹುಡುಗ ತಲೆಯೆತ್ತಿ ನೋಡಿದ. ಕನ್ನಡ ಬರದಿದ್ದರೂ ಅವನಿಗೆ ಅರ್ಥವಾಗಿತ್ತು. ಮುತ್ತ ಮುಖ ತಿರುಗಿಸಿದರೆ ಅಲ್ಲಿ ಜಲಜ. ಬೊಂಬಾಯಿಯ ಚಾಳಿನಲ್ಲಿ ಅವನೊಡನೆ ಸಂಸಾರ ಮಾಡಿದವಳು, ನಳದ ಸಾಲಿನಲ್ಲಿ ಹಿಂದಿಯಲ್ಲೇ ಜಗಳ ಗೆದ್ದವಳು. ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಿದ್ದಳು. ಅವಳ ತುಟಿ ಒಮ್ಮೆ ಅಲುಗಿತು. ಊರೆದುರು ಗಂಡನನ್ನು ಸುಳ್ಳುಗಾರನೆನ್ನಲು ಅವಳಿಂದಲೂ ಆಗಲಿಲ್ಲ.

ಗೊತ್ತಾಗದ ಭಾಷೆ ಎಂದಮೇಲೆ ಕೇಳಬೇಕೆ? ಪ್ರವೀಣ್ ಠಾಣೆಗೆ ಫೋನು ಮಾಡಿದ. ಜೀಪು ಬಂತು. ಪೊಲೀಸಿನವನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ, ಹುಡುಗನ ತೋಳು ಹಿಡಿದು ಏಳಿಸಿ ಕೂರಿಸಿಕೊಂಡು ಹೋದ. ಫೋನೂ ಹೋಯಿತು.

ಮನೆಯಲ್ಲಿ ಜಲಜ ಗಂಜಿ ಬಡಿಸಿದಳು. ತಾನು ಉಣ್ಣಲು ಕೂರಲಿಲ್ಲ.

"ಗೊತ್ತಾಯ್ಲಿಲ್ಯಾ ನಿಮ್ಗೆ?"

"ಗಂಡ್ಸ್ರ್ ಮಧ್ಯ ಅಂಥದ್ದ್ ಹೇಳುದ್ ಹ್ಯಾಂಗೆ?"

"ಅದ್ ಹೇಳುದ್ ಬೇಡ. ಮನಿ ಸುದ್ದಿ, ಬಿಡಿ ಅವ್ನ್ನ ಅಂದಿದ್ರೆ ಆತಿತ್. ಅಷ್ಟ್ ಹೇಳುಕೂ ನಿಮ್ಗ್ ಬಾಯಿ ಬರ್ಲಿಲ್ಲೆ."

"ನೀನೂ ಅಲ್ಲೇ ಇದ್ದೆ ಅಲ್ದಾ?" ಮುತ್ತನಿಗೆ ರೇಗಿತು. "ನೀ ಎಂತಕೆ ಹೇಳ್ಲಿಲ್ಲೆ?"

ಜಲಜ ಗಂಜಿಯ ಸೌಟನ್ನು ಕೆಳಗಿಟ್ಟಳು. "ಹೌದ್," ಎಂದಳು. "ನಾನೂ ಇದ್ದೆ. ಕೈ ಎತ್ತುಕೂ ಇದ್ದೆ." ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಗಂಜಿ ಹಾಗೇ ಆರಿತು.

ಬೆಳಿಗ್ಗೆ ಮುತ್ತ ಶರ್ಟು ಹಾಕಿಕೊಂಡು ಪೇಟೆಗೆ ಹೋದ. ಸೀಟಿಯನ್ನು ಮನೆಯಲ್ಲೇ ಬಿಟ್ಟಿದ್ದ. ಠಾಣೆಯೊಳಗೆ ಹೋಗಿ ಹೇಳುವುದು, ನನಗೆ ಹಿಂದಿ ಬರುತ್ತದೆ ಸ್ವಾಮಿ, ಅವಳು ಹೇಳಿದ್ದು ಇಂಥದ್ದು, ತಪ್ಪು ನನ್ನದು. ಬಸ್ಸಿನಲ್ಲಿ ಇದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಗೇಟಿನವರೆಗೆ ಬಂದ. ಒಂದು ಚಾ ಕುಡಿದು ಹೋಗುವಾ ಎಂದು ಎದುರಿನ ಹೋಟೆಲಿಗೆ ಹೊಕ್ಕ.

ಅಲ್ಲಿ ಅದೇ ಸುದ್ದಿ. ಪ್ರವೀಣ್ ಹಾಕಿದ ವೀಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಮರಳಿನಲ್ಲಿ ಕೂತ ಹುಡುಗ, ಹೆಂಗಸಿನ ಅಳುವ ದನಿ, ಮೇಲೊಂದು ದೇಶಭಕ್ತಿಯ ಸಂಗೀತ.

"ಸುಮ್ನೆ ಬಿಡುಕಾಗ ಇಂಥವ್ರನ್ನ."

"ಎಂತ ಸಿಕ್ಕಿತಂಬ್ರ್?"

"ಸಿಕ್ಕುದ್ ಬಿಡುದ್ ಬೇರೆ. ಕಾಂಬುದರಲ್ಲಿ ತಪ್ಪೆಂತ? ನಮ್ಮ್ ಜಾಗ್ರತಿ ನಮ್ಗೆ."

ಗಲ್ಲಾದಲ್ಲಿದ್ದವನು ಮುತ್ತನ ಗುರುತು ಹಿಡಿದ. "ಹ್ವಾಯ್, ಇವ್ರೇ ಅಲ್ದಾ! ಬನ್ನಿ ಮರಾಯ್ರೆ, ಕೂಕಣಿ. ಇವ್ರಿಗೊಂದ್ ಸ್ಪೆಷಲ್ ಚಾ, ಗೋಳಿಬಜೆ ಕೊಡ್." ಅಕ್ಕಪಕ್ಕದವರು ಕುರ್ಚಿ ಸರಿಸಿ ಜಾಗ ಮಾಡಿದರು. ಯಾರೋ ಬೆನ್ನು ತಟ್ಟಿದರು. ಮುತ್ತ ಬಾಯಿ ತೆರೆದ. ಚಾ ಬಂತು. ಕುಡಿದ. ನಾಚಿಕೆಗೆಟ್ಟು ಗೋಳಿಬಜೆಯನ್ನೂ ತಿಂದ.

ಠಾಣೆಯ ಗೇಟಿನಿಂದ ಹುಡುಗ ಹೊರಗೆ ಬಂದದ್ದು ಆಗ. ಕೂದಲಿನಲ್ಲಿ ಇನ್ನೂ ಮರಳಿತ್ತು. ರಸ್ತೆಯ ಆಚೆ ಈಚೆ ನೋಡಿದವನು ಹೋಟೆಲಿನಲ್ಲಿ ಮುತ್ತನನ್ನು ಕಂಡು ನೆಟ್ಟಗೆ ಬಂದ. ಹೊಡೆಯುತ್ತಾನೆ ಎಂದುಕೊಂಡ ಮುತ್ತ. ಹೊಡೆದರೆ ಒಳ್ಳೆಯದಿತ್ತು.

"ಚಾಚಾ," ಎಂದ ಹುಡುಗ. ಬಿಟ್ಟಿದ್ದಾರೆ, ಏನೂ ಸಿಗಲಿಲ್ಲವಂತೆ, ಆದರೆ ಫೋನು ನಾಡಿದ್ದು ಕೊಡುತ್ತಾರಂತೆ ಎಂದು ಹಿಂದಿಯಲ್ಲಿ ಹೇಳಿದ. ಅಂಗೈ ಬಿಡಿಸಿ ತೋರಿಸಿದ. ಠಾಣೆಯೊಳಗಿದ್ದ ಯಾವನೋ ಪುಣ್ಯಾತ್ಮ ಫೋನು ನೋಡಿ ಅವನ ಹೆಂಡತಿಯ ನಂಬರನ್ನು ಪೆನ್ನಿನಲ್ಲಿ ಬರೆದುಕೊಟ್ಟಿದ್ದ, ಬೆವರಿಗೆ ಅರ್ಧ ಹರಡಿತ್ತು. "ಈ ಊರಿನಲ್ಲಿ ನನ್ನ ಮಾತು ತಿಳಿಯುವವರು ನೀವೊಬ್ಬರೇ. ಒಂದು ಫೋನು ಮಾಡಿಕೊಳ್ಳಲಾ?"

ಮುತ್ತ ಗಡಬಡಿಸಿ ಫೋನು ತೆಗೆದುಕೊಟ್ಟ. ಹುಡುಗ ಅಂಗೈ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದ. ಮುತ್ತ ಎದ್ದು ಆಚೆ ಹೋಗಲು ಹೊರಟ, ಅವನಷ್ಟಕ್ಕೆ ಮಾತಾಡಲಿ ಎಂದು. ಹುಡುಗ ಅವನ ಮೊಣಕೈ ಹಿಡಿದು ನಿಲ್ಲಿಸಿದ. ಫೋನನ್ನು ಕಿವಿಗೆ ಇಟ್ಟುಕೊಳ್ಳಲಿಲ್ಲ. ಸ್ಪೀಕರ್ ಹಾಕಿ, ಇಬ್ಬರ ನಡುವೆ, ಮೇಜಿನ ಮೇಲೆ ಎತ್ತಿ ಹಿಡಿದ.

"ಬೇಡ," ಎಂದ ಮುತ್ತ ಹಿಂದಿಯಲ್ಲಿ. "ಬೇಡ ಮಗಾ. ಕಿವಿಗೆ ಇಟ್ಟುಕೋ. ನಿನ್ನ ಮನೆಯ ಮಾತು."

"ಇಲ್ಲ ಚಾಚಾ, ಕೇಳಿ. ಎಲ್ಲರೂ ಕೇಳಲಿ. ಕೆಟ್ಟದ್ದೇನೂ ಇಲ್ಲ," ಎಂದ ಹುಡುಗ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಇಲ್ಲಿ ಫೋನು ಮಾಡುವ ಕ್ರಮವೇ ಇದು ಎಂದು ಕಲಿತುಕೊಂಡವನ ಹಾಗೆ ಹೇಳಿದ್ದ.

ಫೋನು ರಿಂಗಾಗುತ್ತಿತ್ತು. ಹೋಟೆಲಿನಲ್ಲಿದ್ದವರು ಲೋಟ ಕೆಳಗಿಟ್ಟು ಇತ್ತ ಕುತ್ತಿಗೆ ಚಾಚಿದರು. ಆ ಕಡೆ ಎತ್ತಿದ ಸದ್ದಾಯಿತು. "ಹಲೋ?" ಎಂದಿತು ಹೆಣ್ಣಿನ ದನಿ. ತುಂಬ ಸಣ್ಣಗೆ ಕೇಳಿಸಿತು. ಹುಡುಗ ಹೆಬ್ಬೆರಳಿನಿಂದ ಸದ್ದನ್ನು ಇನ್ನಷ್ಟು ಹೆಚ್ಚಿಸಿದ.