ನೀರೊಳಗಿನ ಕೊಪ್ಪಲಿಗೆ ಹೋದ ವಿಮಾನ

ನೆಲದ ಮೇಲೆ ನಿಂತೇ ವಿಮಾನ ಆಡಿಸುವ ರೇಡಿಯೋ ಸೆಟ್ಟಿಗೆ ಎರಡು ಸಾವಿರದ ನಾನೂರು. ಮೈಸೂರಿನಲ್ಲಿ ಪುಟ್ಟ ವಿಮಾನ ಹಾರಿಸುವ ಹುಚ್ಚಿದ್ದ ರಿಟೈರಾದ ಎಂಜಿನಿಯರೊಬ್ಬರು ಕಣ್ಣಿಗೆ ಪೊರೆ ಬಂತೆಂದು ಮಾರಿದ್ದು. ಹೊಸದಾದರೆ ಅದರ ನಾಲ್ಕರಷ್ಟು. ಮುಷ್ಟಿಯೊಳಗೆ ಅಡಗುವ ಕಲ್ಕತ್ತೆಯ ಡೀಸೆಲ್ ಎಂಜಿನ್ನು ಏಳುನೂರೈವತ್ತು, ಅದೂ ಅವರಿಂದಲೇ. ಮುಂದೆ ತಿರುಗುವ ಫ್ಯಾನು ನಲವತ್ತು, ಎರಡು ಕೊಂಡರೆ ವಾಸಿ, ಮೊದಲು ಮುರಿಯುವುದೇ ಅದು. ಎಂಜಿನ್ನು ಕುಡಿಯುವುದು ಸೀಮೆಎಣ್ಣೆ, ಹರಳೆಣ್ಣೆ, ಈಥರು, ಮೂರನ್ನೂ ಬೆರೆಸಿ. ಸೀಮೆಎಣ್ಣೆ ಸೊಸೈಟಿಯದು, ಹರಳೆಣ್ಣೆ ಅಂಗಡಿಯದು, ಈಥರಿಗೆ ಮಾತ್ರ ಮೈಸೂರಿಗೇ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ರೆಕ್ಕೆ, ಮೈ, ಬಾಲಕ್ಕೆ ಬಿದ್ದ ಖರ್ಚು ಸೊನ್ನೆ.

ಅವು ಲೈಟು ಕಂಬದ ಮೇಲೆ ನೇತಾಡುತ್ತಿದ್ದವು. ಯಾವುದೋ ಪಂಪ್‌ಸೆಟ್ ಕಂಪನಿಯವರು ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೂ ಕಂಬಕ್ಕೊಂದು ಬೋರ್ಡು ಕಟ್ಟಿ ಹೋಗಿದ್ದರು. ತಗಡಲ್ಲ, ಮರವಲ್ಲ, ಹಗುರವಾದ ಪ್ಲಾಸ್ಟಿಕ್ಕು. ಎರಡು ಪದರದ ನಡುವೆ ಉದ್ದಕ್ಕೂ ಪೊಳ್ಳು ಸಾಲು, ರಟ್ಟಿನ ಡಬ್ಬದಲ್ಲಿರುವ ಹಾಗೆ. ಮಳೆಗೆ ನೆನೆಯದು, ಬಿದ್ದರೆ ಒಡೆಯದು. ಗಾಳಿಗೆ ಒಂದು ಕಡೆ ಕಟ್ಟು ಬಿಚ್ಚಿಕೊಂಡ ಬೋರ್ಡೊಂದು ಕಂಬದ ತುದಿಯಲ್ಲಿ ಪಟಪಟ ಬಡಿದುಕೊಳ್ಳುತ್ತ ಏಳುವುದಕ್ಕೆ ನೋಡುತ್ತಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡ ತಿಮ್ಮರಾಜು, ಮನೆಗೆ ಬರುವಷ್ಟರಲ್ಲಿ ಅರ್ಧ ವಿಮಾನವನ್ನು ತಲೆಯಲ್ಲೇ ಕಟ್ಟಿ ಮುಗಿಸಿದ್ದ.

ಅವನದು ಪಾಂಡವಪುರ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪ್‌ರೆಕಾರ್ಡರು ರಿಪೇರಿ ಮಾಡುವ ಅಂಗಡಿ. ಮನೆಯಲ್ಲಿ ಹೆಂಡತಿ ಪ್ರಮೀಳಾ, ತಾಯಿಯ ತಾಯಿ ಸೋಮಮ್ಮ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಬೆಳೆಸಿದ್ದು ಅಜ್ಜಿಯೇ. ವಿಮಾನ ಬೇಕಾದದ್ದೂ ಅಜ್ಜಿಗಾಗಿ.

ಸೋಮಮ್ಮ ಹುಟ್ಟಿದ್ದು ಹುಣ್ಸೇಕೊಪ್ಪಲಿನಲ್ಲಿ. ಆ ಕೊಪ್ಪಲು ಈಗ ಕನ್ನಂಬಾಡಿ ಕಟ್ಟೆಯ ಹಿನ್ನೀರಿನೊಳಗಿದೆ. ಕಟ್ಟೆಗೆ ನೀರು ನಿಲ್ಲಿಸುವ ಕಾಲಕ್ಕೆ ಅವಳಿನ್ನೂ ಲಂಗದ ಹುಡುಗಿ. ಅವಳಪ್ಪ ಬಾಗಿಲು, ತೊಲೆ, ಹೆಂಚು ಬಿಚ್ಚಿ ಗಾಡಿಗೆ ಹೇರಿದ, ಗೋಡೆ ಬಿಟ್ಟ. ಊರವರು ದಿಕ್ಕಿಗೊಬ್ಬರಾದರು. ಅವಳಿಗೆ ಉಳಿದದ್ದು ತಲೆಯೊಳಗಿನ ಊರು. ಕಣ್ಣು ಮುಚ್ಚಿ ಗೋಡೆಗೊರಗಿದರೆ ಸಾಕು, ಆ ಓಣಿಗಳಲ್ಲಿ ಓಡಾಡಿಕೊಂಡು ಬರುತ್ತಿದ್ದಳು. ನೀರೊಳಗೂ ಅಲ್ಲಿ ಬಿಸಿಲಿತ್ತು, ಹುಣಸೇ ಮರದ ನೆರಳಿತ್ತು, ಯಾರದೋ ಮನೆಯ ಎಮ್ಮೆ ಬಾಲ ಬೀಸುತ್ತ ನಿಂತಿರುತ್ತಿತ್ತು.

ಆದರೆ ಈಚೆಗೆ ಓಣಿಗಳು ಅದಲುಬದಲಾಗತೊಡಗಿದ್ದವು. ಒಂದು ದಿನ ಬಾವಿ ಗುಡಿಯ ಎಡಕ್ಕಿದ್ದರೆ ಇನ್ನೊಂದು ದಿನ ಬಲಕ್ಕೆ. ತಾನು ಹುಟ್ಟಿದ ಹಟ್ಟಿಗೆ ಹೋಗುವುದು ಯಾವ ತಿರುವಿನಲ್ಲಿ ಎಂಬುದು ಒಂದು ಬೆಳಿಗ್ಗೆ ಅವಳಿಗೆ ಹೊಳೆಯಲೇ ಇಲ್ಲ. ಅವತ್ತು ಅವಳು ಮುದ್ದೆ ಮುಟ್ಟಲಿಲ್ಲ.

"ನೀರು ಊರ ತಿಂತು," ಅಂದಳು ತಿಮ್ಮರಾಜುವಿಗೆ. "ಈಗ ನನ್ ತಲೆ ಒಳಗಿರೋದ್ನೂ ತಿಂತಾ ಐತೆ ಕಣ್ಲಾ. ಪೂರಾ ಓಗೋಕೆ ಮುಂಚೆ ಒಂದ್ಸಲ ನೋಡ್ಬುಡ್ಬೇಕು."

ತೆಪ್ಪದಲ್ಲಿ ಒಮ್ಮೆ ಕರೆದುಕೊಂಡು ಹೋಗಿದ್ದೂ ಆಗಿತ್ತು. ಹಿನ್ನೀರಿನಲ್ಲಿ ಮೀನು ಹಿಡಿಯುವ ಮರಿಯಯ್ಯ, ಕೋಲು ಕಲ್ಲಿಗೆ ತಾಕುವ ಜಾಗದಲ್ಲಿ ತೆಪ್ಪ ನಿಲ್ಲಿಸಿ, ಇದೇ ನಿಮ್ಮೂರು ಅಂದಿದ್ದ. ಸೋಮಮ್ಮನಿಗೆ ಕಂಡದ್ದು ಮೊರದಗಲದ ಹಸಿರು ನೀರು, ಸುತ್ತ ಎಲ್ಲ ಆಕಾಶದ ಹೊಳಪು. ತಿಮ್ಮರಾಜು ಅದನ್ನು ಬಹಳ ದಿನ ಯೋಚಿಸಿದ. ಬಾವಿಯಿಂದ ದೂರ ನಿಂತು ನೋಡಿದರೆ ನೀರಲ್ಲಿ ಮೋಡ ಕಾಣುತ್ತದೆ, ಬಗ್ಗಿ ನೋಡಿದರೆ ತಳ ಕಾಣುತ್ತದೆ. ಹಾಗಾದರೆ ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ, ನೆತ್ತಿಯ ಮೇಲಿಂದ ಬಗ್ಗಿ ನೋಡಿದರೆ ಇಡೀ ಊರಿನ ಗೋಡೆಗಳ ಗೆರೆ ಕಾಣಲೇಬೇಕು. ಬಗ್ಗಿ ನೋಡುವುದಕ್ಕೆ ಒಂದು ಕ್ಯಾಮೆರಾ ಬೇಕು, ಕ್ಯಾಮೆರಾ ಹೊರುವುದಕ್ಕೆ ಒಂದು ವಿಮಾನ ಬೇಕು. ಕೊಡಗಿನಲ್ಲಿ ಮಳೆ ಹಿಡಿದರೆ ಕಟ್ಟೆ ತುಂಬುತ್ತದೆ, ಅಷ್ಟರೊಳಗೆ ಆಗಬೇಕು.

ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಫೆವಿಕಾಲ್ ಹಚ್ಚಿ ರಾತ್ರಿ ಒಣಗಿಸಿದರೆ ಬೆಳಿಗ್ಗೆ ಹಾಲಿನ ಕೆನೆ ತೆಗೆದ ಹಾಗೆ ಬಿಟ್ಟುಕೊಂಡಿತು. ದಾರಿ ತೋರಿಸಿದವಳು ಪ್ರಮೀಳಾ. ಗೋಣಿಚೀಲ ಹೊಲಿಯುವ ದಬ್ಬಳಕ್ಕೆ ನೈಲಾನ್ ಹುರಿ ಪೋಣಿಸಿ, ಚೀಲದ ಬಾಯಿ ಹೊಲಿದ ಹಾಗೆ ರೆಕ್ಕೆ ಹೊಲಿದುಕೊಟ್ಟಳು. ಬಾಗದಿರಲಿ ಎಂದು ಪೊಳ್ಳು ಸಾಲಿನೊಳಗೆ ಹಳೇ ಕೊಡೆಯ ಕಡ್ಡಿ ತುರುಕಿದರು. ಬಾಲ ಮೇಲೆ ಕೆಳಗೆ ಆಡುವುದಕ್ಕೆ ಕೀಲು ಬೇಕಾದಲ್ಲಿ, ಮೇಲಿನ ಪದರವನ್ನಷ್ಟೇ ಬ್ಲೇಡಿನಲ್ಲಿ ಸೀಳಿ ಕೆಳಗಿನದನ್ನು ಬಿಟ್ಟರು, ಅದೇ ಕೀಲಾಯಿತು. ಮುಗಿದಾಗ ಎಡರೆಕ್ಕೆಯ ಅಡಿಯಲ್ಲಿ "ಐದು ವರ್ಷ", ಬಲರೆಕ್ಕೆಯ ಅಡಿಯಲ್ಲಿ "ಗ್ಯಾರಂಟಿ" ಎಂದಿತ್ತು. ಬೂಕನಕೆರೆಯ ಹತ್ತಿರ ಕಬ್ಬು ಕಡಿದ ಗದ್ದೆಯಲ್ಲಿ ಮೊದಲ ಸಲ ಎಸೆದಾಗ ಅದು ಐದು ಉಸಿರು ಹಾರಿ ಮೂಗು ಕೆಳಗಾಗಿ ನೆಟ್ಟುಕೊಂಡಿತು. ನೋಡುತ್ತಿದ್ದವರು, ಗ್ಯಾರಂಟಿ ಕಾರ್ಡು ಇಟ್ಟಿದ್ದೀಯೋ ಇಲ್ಲವೋ ಅಂತ ಕೇಳಿದರು. ಏನೂ ಮುರಿದಿರಲಿಲ್ಲ, ಫ್ಯಾನೊಂದು ಬಿಟ್ಟು.

ಬಿದ್ದು ಬಿದ್ದೇ ಅವನು ಕಲಿತದ್ದು ತೂಕದ ಗುಟ್ಟು. ರೆಕ್ಕೆಯ ಮುಂದಿನ ಅಂಚಿನಿಂದ ಮೂರನೇ ಒಂದು ಪಾಲು ಹಿಂದಕ್ಕೆ ಎರಡು ಬೆರಳಿಟ್ಟು ಎತ್ತಿದರೆ, ವಿಮಾನ ಕೊಂಚ ಮೂಗು ತಗ್ಗಿಸಿ ನಿಲ್ಲಬೇಕು, ಹೊಸ ಸೊಸೆ ತಲೆ ತಗ್ಗಿಸಿದಷ್ಟು. ಬಾಲ ಭಾರವಾದರೆ ಯಾರ ಮಾತೂ ಕೇಳುವುದಿಲ್ಲ. ಅದಕ್ಕೇ ಮರಿಯಯ್ಯನ ಬಲೆಯ ಸೀಸದ ಗುಂಡುಗಳನ್ನು ಮೂಗಿನೊಳಗೆ ತುಂಬಿದ. ಹೊಟ್ಟೆಯಲ್ಲಿ ರೀಲು ಹಾಕುವ ಅಗ್ಗದ ಕ್ಯಾಮೆರಾ. ರೇಡಿಯೋ ಹೇಳಿದಂತೆ ಆಡುವ ಪುಟ್ಟ ಮೋಟಾರಿನ ಕೈಯೊಂದು ಅದರ ಗುಂಡಿ ಒತ್ತುತ್ತಿತ್ತು. ರೀಲು ಸುತ್ತುವುದಕ್ಕೆ ಕೆಳಗಿಳಿಯಲೇಬೇಕು, ಹಾಗಾಗಿ ಹಾರಿದರೆ ಒಂದೇ ಚಿತ್ರ.

ಮೇ ತಿಂಗಳ ಕೊನೆಯ ಭಾನುವಾರ ಗಾಳಿ ನಿಂತಿತ್ತು. ಸೋಮಮ್ಮನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಹಿನ್ನೀರಿನ ಅಂಚಿಗೆ ಬಂದರು. ನೀರು ಹಿಂದೆ ಸರಿದ ಬಯಲಿನಲ್ಲಿ ಎಳೆ ಹುಲ್ಲು, ಅಲ್ಲಲ್ಲಿ ಕಪ್ಪೆಚಿಪ್ಪು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಹೇಳುವ ಹಾಗಿರಲಿಲ್ಲ. ದೂರದಲ್ಲಿ ಮರಿಯಯ್ಯನ ತೆಪ್ಪ ಎರಡರ ನಡುವೆ ತೂಗುಹಾಕಿದಂತೆ ನಿಂತಿತ್ತು. ಕೋಲು ಕಲ್ಲಿಗೆ ತಾಕುವ ಜಾಗದಲ್ಲಿ ಅವನು ಗುರುತಿಗೆ ನಿಲ್ಲಬೇಕೆಂದು ಮಾತಾಗಿತ್ತು.

ತಿಮ್ಮರಾಜು ಎರಡು ಬೆರಳಿಟ್ಟು ತೂಕ ನೋಡಿದ, ಎಂಜಿನ್ನು ತಿರುಗಿಸಿದ, ಎಸೆದ. ಬಯಲು ತುಂಬ ಸುಟ್ಟ ಹರಳೆಣ್ಣೆಯ ವಾಸನೆ ಹರಡಿತು. ವಿಮಾನ ಜೀರುಂಡೆಯ ಹಾಗೆ ಸದ್ದು ಮಾಡುತ್ತ ಏರಿತು, ನೀರ ಮೇಲೆ ಅದರ ನೆರಳೂ ಹೊರಟಿತು. ಮೇಲೊಂದು ಕೆಳಗೊಂದು, ಜೊತೆಗೂಡಿ ಊರಿಗೆ ಹೊರಟ ಇಬ್ಬರ ಹಾಗೆ. ಸೋಮಮ್ಮ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಾಯಿ ತೆರೆದು ನಿಂತಿದ್ದಳು. ತೆಪ್ಪದ ನೆತ್ತಿಗೆ ಬಂದಾಗ ತಿಮ್ಮರಾಜು ಗುಂಡಿ ಒತ್ತಿದ. ಎಣ್ಣೆ ಮುಗಿದು ಸದ್ದು ನಿಂತ ಮೇಲೂ ಅದು ಎಷ್ಟೋ ಹೊತ್ತು ಸುಮ್ಮನೆ ತೇಲಿ, ಹುಲ್ಲಿನ ಮೇಲೆ ಬಂದು ಕೂತಿತು.

ಯಾವುದಕ್ಕೂ ಇರಲಿ, ಇನ್ನೊಂದು ಚಿತ್ರ ಬೇಕೆನಿಸಿತು ಅವನಿಗೆ. ರೀಲು ಸುತ್ತಿ, ಎಣ್ಣೆ ಡಬ್ಬಿ ತರಲು ಟೆಂಪೋದ ಹತ್ತಿರ ಹೋದ. ಈಥರು ಬಿಸಿಲಿಗೆ ಹಾರಿಹೋಗುತ್ತದೆಂದು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ. ಬೆರೆಸಿ ತರಲು ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಿತು. ಬಂದವನೇ ಎಣ್ಣೆ ತುಂಬಿ ಎಸೆದ. ಆಗಲೇ ನೋಡಿದ್ದೇನೆಂದು ತೂಕ ಮತ್ತೆ ನೋಡಲಿಲ್ಲ.

ಕೈ ಬಿಟ್ಟೊಡನೆ ಅದು ಮೂಗೆತ್ತಿತು. ಮೂಗು ಇಳಿಸಲು ಅವನು ರೇಡಿಯೋ ಸೆಟ್ಟಿನ ಕಡ್ಡಿಯನ್ನು ಪೂರಾ ಮುಂದಕ್ಕೆ ಒತ್ತಿದ. ನೊಗ ಬೇಡವೆಂದು ಕತ್ತೆತ್ತುವ ಹೋರಿಯ ಹಾಗೆ ಅದು ಇನ್ನಷ್ಟು ಎತ್ತಿತು. ತೂರಾಡುತ್ತ, ಏರುತ್ತ, ನೀರ ಮೇಲೆ ಹೋಗುತ್ತಲೇ ಹೋಯಿತು. ತೆಪ್ಪದಿಂದ ಸ್ವಲ್ಪ ಆಚೆ ನೆಟ್ಟಗೆ ಆಕಾಶ ನೋಡಿ ಒಂದು ಗಳಿಗೆ ನಿಂತಿತು. ಆಮೇಲೆ ಹಿಂದುಮುಂದಾಗಿ ಜಾರಿ, ಮಗುಚಿ, ಮೂಗು ಕೆಳಗಾಗಿ ನೀರಿಗೆ ಬಿತ್ತು. ಸದ್ದು ಸ್ವಲ್ಪ ತಡವಾಗಿ ಕೇಳಿಸಿತು.

ಮರಿಯಯ್ಯ ಹುಟ್ಟು ಹಾಕುತ್ತ ಅಲ್ಲಿಗೆ ಹೋದ. ರೆಕ್ಕೆ ತೇಲುತ್ತಿತ್ತು, ಸೀಳಿದ ಬಾಲವೂ ಇತ್ತು. ಸೀಸ ತುಂಬಿದ ಮೂಗು, ಎಂಜಿನ್ನು, ಹೊಟ್ಟೆಯೊಳಗಿನದೆಲ್ಲ ಕಿತ್ತುಕೊಂಡು ತಳಕ್ಕೆ ಹೋಗಿತ್ತು. ಬಲೆ ಬಿಟ್ಟು ಮೂರ್ನಾಲ್ಕು ಸಲ ಎಳೆದ. ಬರೀ ಕೆಸರು ಬಂತು. ದಡಕ್ಕೆ ಬಂದವನು ರೆಕ್ಕೆ ಕೊಡುತ್ತ ತಿಮ್ಮರಾಜುವಿನ ಮುಖವನ್ನೇ ನೋಡಿದ.

"ಏನ್ ತಿಮ್ಮಣ್ಣ, ನಿನ್ ಇಮಾನ ಅಕ್ಕಿ ಮೂಟೆ ಒತ್ಕೊಂಡ್ ಓಯ್ತಿತ್ತಾ? ನೀರ್ ಮೇಲೆಲ್ಲಾ ಅಕ್ಕಿ. ಮೀನೆಲ್ಲಾ ಉಣ್ಣಾಕ್ ಕುಂತವ್ರೆ."

ಸೀಳಿದ ಬಾಲದ ಪೊಳ್ಳಿನೊಳಗೆ ಕೈ ಹಾಕಿದರೆ ಬೆರಳಿಗೆ ಒದ್ದೆ ಅಕ್ಕಿ, ಒಂದು ವೀಳ್ಯದೆಲೆ, ಅರಿಸಿನದ ಕೊಂಬು ಸಿಕ್ಕವು. ಬಾಲದ ಬಾಯಿಗೆ ಹೊಸ ಹೊಲಿಗೆ ಬಿದ್ದಿತ್ತು. ಆ ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ಪ್ರಮೀಳಾ ಸೆರಗಿನ ತುದಿ ತಿರುವುತ್ತ ನಿಂತಿದ್ದಳು.

"ಒಟ್ಟೇಲಿ ಕ್ಯಾಮ್ರ ಇತ್ತಲ್ಲ, ಇನ್ನೆಲ್ಲಿ ಇಡಾನ?" ಅಂದಳು. "ಚೆಲ್ಲೋಗದೇ ಇರ್ಲಿ ಅಂತ ಒಲ್ದೆ."

ಐದು ಹಿಡಿ ಅಕ್ಕಿ, ಒಂದು ಬಟ್ಟಲು ಕೊಬ್ಬರಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ಅರಿಸಿನ. ಮಡಿಲಕ್ಕಿಗೆ ಇಡಬೇಕಾದದ್ದರಲ್ಲಿ ಒಂದನ್ನೂ ಕಡಿಮೆ ಮಾಡಿರಲಿಲ್ಲ. ಮರಿಯಯ್ಯನ ಕೈಲಿ ಕೊಟ್ಟು ನೀರಿಗೆ ಬಿಡಿಸಬೇಕೆಂದು ಸೋಮಮ್ಮ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳಂತೆ. ಆದರೆ ಅವನು ಎಣ್ಣೆ ಬೆರೆಸಲು ಹೋದಾಗ, ಕ್ಯಾಮೆರಾ ಹೊರುವುದು ಇಷ್ಟನ್ನು ಹೊರಲಾರದೇ ಅಂದುಕೊಂಡರಂತೆ ಇಬ್ಬರೂ.

ತಿಮ್ಮರಾಜುವಿಗೆ ಸಿಟ್ಟು ಬಂತು. ಬೇಸಿಗೆ ಪೂರ್ತಿ ಅಂಗಡಿ ಅರ್ಧ ಬಾಗಿಲು ಹಾಕಿ ದುಡಿದದ್ದು ಅದು.

"ಮೊದಲ್ನೇ ಫೋಟೋನೂ ಅದ್ರೊಳಗೇ ಇತ್ತು ಕಣಜ್ಜಿ," ಅಂದ. "ಇನ್ನು ನಿಮ್ಮೂರ ನೋಡೋದು ಇಲ್ಲ. ಎಂಜಿನ್ನು ತಕ್ಕಳಕ್ಕೆ ನನ್ನತ್ರ ಇನ್ನೇನೂ ಉಳಿದಿಲ್ಲ."

ಸೋಮಮ್ಮ ಹುಲ್ಲಿನ ಮೇಲೆ ಕೂತಳು. ರೆಕ್ಕೆಯನ್ನು ತೊಡೆಯ ಮೇಲೆಳೆದುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ನೀರಿನ ಕಡೆ ನೋಡಿಕೊಂಡೇ ಹೇಳಿದಳು.

"ನೋಡ್ಬೇಕು ಅಂತ್ಲೇ ಬಂದೆ ಕಣ್ ಮಗ. ಅದು ಮೊದಲ್ನೇ ಸಲ ಎದ್ದು ಓಯ್ತಲ್ಲ, ಆಗ ಅನ್ನುಸ್ತು, ನಮ್ಮೂರ್ಗೆ ಬರಿಗೈಲಿ ಓಗ್ತಾ ಐತಲ್ಲ ಅಂತ. ಎಲ್ರಿಗೂ ತವರಿಂದ ಮಡ್ಲು ತುಂಬಿ ಕಳಿಸ್ತಾರೆ. ನನ್ ಮದ್ವೇಲಿ ತುಂಬಾಕೆ ಅಟ್ಟಿನೇ ಇರ್ನಿಲ್ಲ, ಛತ್ರದ ಜಗ್ಲಿ ಮೇಲೆ ಯಾರೋ ತುಂಬುದ್ರು. ಊರು ಕೊಡ್ನಿಲ್ಲ ಅಂತ ಒಂದ್ ಸಿಟ್ಟಿತ್ತು ನಂಗೆ. ಪಾಪ, ಅದ್ರ ಮಡ್ಲೂ ಬರಿದೇ ತಾನೇ. ನಾನೇ ತುಂಬ್ಬುಟ್ಟೆ."

ತಿಮ್ಮರಾಜು ಅವಳ ಪಕ್ಕ ಕೂತ. ಮರಿಯಯ್ಯ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ದೂರದಲ್ಲಿ ಅಕ್ಕಿ ಬಿದ್ದ ಜಾಗದಲ್ಲಿ ಮೀನುಗಳು ನೀರು ಕೆದಕುತ್ತಿದ್ದವು, ಅಲ್ಲಿ ಮಾತ್ರ ಸಣ್ಣಗೆ ಮಳೆ ಬೀಳುತ್ತಿರುವ ಹಾಗೆ.

ಆ ವರ್ಷ ಕಟ್ಟೆ ಬೇಗ ತುಂಬಿತು. ಎಂಜಿನ್ನು ಹೋಯಿತು, ರೇಡಿಯೋ ಸೆಟ್ಟಿನಲ್ಲಿ ವಿಮಾನದೊಳಗಿದ್ದ ಭಾಗ ಹೋಯಿತು, ಕ್ಯಾಮೆರಾ ಹೋಯಿತು, ಹುಣ್ಸೇಕೊಪ್ಪಲಿನದೊಂದು ಚಿತ್ರ ಯಾರೂ ನೋಡದೆ ಹೋಯಿತು. ಸೋಮಮ್ಮನ ತಲೆಯೊಳಗಿನ ಓಣಿಗಳೂ ಉಳಿಯಲಿಲ್ಲ; ಎರಡು ವರ್ಷದಲ್ಲಿ ಒಂದೊಂದಾಗಿ ಹೋದವು. ಆದರೆ ತವರು ಯಾವುದಮ್ಮ ಎಂದು ಯಾರಾದರೂ ಕೇಳಿದರೆ, ಅವಳು ಊರಿನ ಹೆಸರು ಮರೆತಿದ್ದರೂ, ಅಲ್ಲಿಗೆ ಮಡಿಲಕ್ಕಿ ಕಳಿಸಿದ್ದೀನಿ ಅಂತ ಹೇಳುತ್ತಿದ್ದಳು. ಕೊನೆಯವರೆಗೂ ಅದೊಂದನ್ನು ಅವಳು ಮರೆಯಲಿಲ್ಲ.