ದೋಷಕ್ಕೆ ಕಾರಣ

ಸೋಮವಾರ ಬೆಳಿಗ್ಗೆ ನಾದಿನಿಯ ಫೋನು ಬಂದಾಗ ವೈರಣ್ಣ ನಿರ್ದೇಶಕರ ಕೋಣೆಯಲ್ಲಿ ಮೇಜಿನಡಿ ಅಂಗಾತ ಮಲಗಿದ್ದ. ಕತ್ತಿಗೆ ಸದಾ ಒಂದು ಸುರುಳಿ ವೈರು ನೇತುಹಾಕಿಕೊಂಡು ತಿರುಗುವವನಾದ್ದರಿಂದ ಆ ನಾಲ್ಕಂತಸ್ತಿನ ಕಚೇರಿಯಲ್ಲಿ ಅವನಿಗೆ ಅದೇ ಹೆಸರು. ಕಂಪ್ಯೂಟರೋ ಪ್ರಿಂಟರೋ ಯಾವುದು ಕೈಕೊಟ್ಟರೂ ಎಲ್ಲರೂ ಕೂಗುವುದು ಅವನನ್ನೇ.

"ಭಾವ, ನನ್ನ ಪ್ರಿಂಟರ್ ಕೆಲಸ ಮಾಡ್ತಾ ಇಲ್ಲ. ಪ್ರಿಂಟ್ ಆಯ್ತು ಅಂತ ಕಂಪ್ಯೂಟರ್ ಹೇಳತ್ತೆ, ಒಂದು ಹಾಳೆನೂ ಹೊರಗೆ ಬರಲ್ಲ."

"ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ."

"ನಾಲ್ಕು ಸಲ ಮಾಡಿದೆ."

"ಐದನೇ ಸಲ ಮಾಡು, ಅಷ್ಟರಲ್ಲಿ ಬರ್ತೀನಿ," ಎಂದು ಇಟ್ಟುಬಿಟ್ಟ.

ಬರಲಿಲ್ಲ. ಹೆಂಡತಿಯ ತಂಗಿ ತಾನೇ, ಕಾಯುತ್ತಾಳೆ. ನಿರ್ದೇಶಕರು ಕಾಯುವ ಪೈಕಿಯಲ್ಲ. ನಮ್ಮ ಬುದ್ಧಿಯೇ ಇಷ್ಟು ನೋಡಿ, ಹೊರಗಿನವರು ಕೆಮ್ಮಿದರೆ ಓಡುತ್ತೇವೆ, ಮನೆಯವರು ಕೂಗಿಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಂಗಳವಾರ ಅವಳು ಮತ್ತೆ ಮೂರು ಸಲ ಫೋನು ಮಾಡಿದಳು. ಇವನು ಕೂತಲ್ಲಿಂದಲೇ ಅವಳ ಕೈಯಲ್ಲಿ ಕೇಬಲ್ ಬಿಚ್ಚಿಸಿ ಹಾಕಿಸಿ, ನಾಳೆ ಖಂಡಿತ ಅಂದ.

ಆ ನಾಳೆಯೇ ಬುಧವಾರ. ಮಧ್ಯಾಹ್ನ ಹನ್ನೆರಡಕ್ಕೆ ಅವಳ ಗಡುವು.

ಅವಳಿದ್ದದ್ದು ನೆಲಮಾಳಿಗೆಯ ಕಡತದ ಕೋಣೆಯಲ್ಲಿ, ಒಬ್ಬಳೇ, ಹತ್ತೊಂಬತ್ತು ವರ್ಷದಿಂದ. ಕಿಟಕಿಯಿಲ್ಲ, ಹಗಲೂ ಟ್ಯೂಬ್‌ಲೈಟು. ಹಳೆಯ ಕಾಗದದ ಧೂಳು ಕುಡಿದೂ ಕುಡಿದೂ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು. ಈಗ ಮೂರನೇ ಮಹಡಿಯಲ್ಲಿ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗಿತ್ತು. ಅರ್ಜಿಯ ಜೊತೆ ತನ್ನ ಸೇವೆಯ ವಿವರ, ಕಡತಗಳನ್ನು ಹೊಸದಾಗಿ ಜೋಡಿಸುವ ಯೋಜನೆ, ಎಲ್ಲ ಸೇರಿ ನಲವತ್ತು ಪುಟ. ಆಯ್ಕೆ ಸಮಿತಿಯ ಎಂಟು ಸದಸ್ಯರಿಗೆ ಎಂಟು ಪ್ರತಿ, ಸಹಿ ಹಾಕಿ ಕೈಯಾರೆ ಕೊಡಬೇಕು. ನಲವತ್ತಾರು ತುಂಬಿದವರು ಅರ್ಜಿ ಹಾಕುವಂತಿಲ್ಲ. ಅವಳಿಗೆ ಮುಂದಿನ ತಿಂಗಳು ನಲವತ್ತಾರು ತುಂಬುತ್ತದೆ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ನೆಲಮಾಳಿಗೆಯೇ ಗತಿ. ಹೊರಗಿನ ಅಂಗಡಿಯಲ್ಲಿ ತೆಗೆಸೋಣವೆಂದರೆ ಕಡತದ ಕೋಣೆಯ ಯಾವ ದಾಖಲೆಯೂ ಆ ಕಂಪ್ಯೂಟರು ಬಿಟ್ಟು ಆಚೆ ಹೋಗಬಾರದೆಂಬ ನಿಯಮ. ಪೆನ್‌ಡ್ರೈವ್ ಹಾಕುವ ತೂತುಗಳಿಗೆ ಸೀಲು ಬಡಿದವನೇ ವೈರಣ್ಣ.

ಇನ್ನೊಂದು ಮಾತು ಹೇಳಿಬಿಡಬೇಕು. ಮೂರು ವರ್ಷದ ಹಿಂದೆ ಅವನು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾಗ ಮೇಲಿನವರ ಕೈಕಾಲು ಹಿಡಿದು ಇಲ್ಲಿ ಗುತ್ತಿಗೆ ಕೆಲಸ ಕೊಡಿಸಿದವಳು ಇವಳೇ.

ಬುಧವಾರ ಹನ್ನೊಂದೂವರೆಗೆ ಅವನು ಕೆಳಗಿಳಿದು ಬಂದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಂತೂ ದರ್ಶನ ಕೊಟ್ರಲ್ಲ ಭಾವ."

"ಬೈಬೇಡ ಕಣಮ್ಮ, ಹತ್ತೇ ನಿಮಿಷ."

ಪ್ರಿಂಟರಿನ ಹಸಿರು ದೀಪ ಉರಿಯುತ್ತಿತ್ತು. ಕೇಬಲ್ ಸರಿ, ಕಾಗದ ಸರಿ. ಯಂತ್ರದ ಗುಂಡಿ ಒತ್ತಿ ಪರೀಕ್ಷೆಯ ಹಾಳೆ ತೆಗೆದರೆ ಅದೂ ಲಕಲಕ ಬಂತು. ಹಾಳಾದ್ದು, ಕಂಪ್ಯೂಟರಿನಿಂದ ಕೊಟ್ಟರೆ ಮಾತ್ರ ಮಿಸುಕುವುದಿಲ್ಲ! ಕೇಬಲ್ ಬದಲಾಯಿಸಿದ, ಗೋಡೆಯ ನೆಟ್‌ವರ್ಕ್ ಪೆಟ್ಟಿಗೆ ಬಿಚ್ಚಿದ, ಎಲ್ಲವನ್ನೂ ಆರಿಸಿ ಹೊತ್ತಿಸಿದ. ಅವಳು ಗಡಿಯಾರ ನೋಡುವುದು, ಇವನ ಮುಖ ನೋಡುವುದು. ಹನ್ನೆರಡು ಹೊಡೆದೇ ಹೋಯಿತು. ಅವಳು ಆಡಳಿತಾಧಿಕಾರಿಗೆ ಫೋನು ಮಾಡಲು ಪಕ್ಕಕ್ಕೆ ಹೋದಾಗ ಅವನು ಕಂಪ್ಯೂಟರಿನಲ್ಲಿ ಪ್ರಿಂಟರುಗಳ ಪಟ್ಟಿ ತೆರೆದ.



ಪಟ್ಟಿಯಲ್ಲಿ ಎರಡು ಪ್ರಿಂಟರುಗಳಿದ್ದವು. ಒಂದೇ ಹೆಸರು, ಕೊನೆಯಲ್ಲೊಂದು ಅಂಕಿ ಮಾತ್ರ ಬೇರೆ. ಎರಡು ತಿಂಗಳ ಹಿಂದೆ ಅವಳ ಹಳೆಯ ಪ್ರಿಂಟರನ್ನು ರಿಪೇರಿ ಮಾಡಿ ನಾಲ್ಕನೇ ಮಹಡಿಯ ಉಗ್ರಾಣಕ್ಕೆ ಸಾಗಿಸಿ ಅಲ್ಲಿಯ ಬಳಕೆಗೆ ಕಚೇರಿಯ ನೆಟ್‌ವರ್ಕಿಗೆ ಜೋಡಿಸಿ, ಇಲ್ಲಿ ಅದೇ ಮಾದರಿಯ ಹೊಸದನ್ನು ಇಟ್ಟವನು ಅವನೇ. ಹಳೆಯದರ ಹೆಸರನ್ನು ಇಲ್ಲಿಂದ ಅಳಿಸಬೇಕಿತ್ತು. "ಭಾವ, ಇದೇನು ಎರಡಿದೆ?" ಎಂದು ಅವಳು ಅವತ್ತೇ ಕೇಳಿದ್ದಳು. ಊಟದ ಹೊತ್ತಾಗಿತ್ತು. "ಇರ್ಲಿ ಬಿಡು, ಅದರ ಪಾಡಿಗೆ ಅದು ಇರತ್ತೆ" ಅಂದಿದ್ದ. ಭಾನುವಾರ ಕಂಪ್ಯೂಟರು ತಾನೇ ತಾನಾಗಿ ಏನೋ ನವೀಕರಣ ಮಾಡಿಕೊಂಡು ಆಯ್ಕೆಯ ಗುರುತನ್ನು ಹಳೆಯದರ ಮೇಲೆ ಕೂರಿಸಿಕೊಂಡಿತ್ತು.

ಗುರುತು ಸರಿಮಾಡಿ ಒಂದೇ ಉಸಿರಿಗೆ ನಾಲ್ಕನೇ ಮಹಡಿ ಹತ್ತಿದ. ಉಗ್ರಾಣದ ಗುಮಾಸ್ತ ಕಟ್ಟುಗಟ್ಟಲೆ ಹಾಳೆ ಮುಂದಿಟ್ಟುಕೊಂಡು ಕೂತಿದ್ದ.

"ಸೋಮವಾರದಿಂದ ಒಂದೇ ಸಮನೆ ಉಗುಳ್ತಾ ಇತ್ತು ವೈರಣ್ಣ. ಯಾರದೋ ಬೇಡವಾದ್ದು ಅಂತ ಲೆಕ್ಕ ಹಾಕೋಕೆ ಇಟ್ಕೊಂಡೆ. ಒಂದು ಕಡೆ ಖಾಲಿ ಇದೆಯಲ್ಲ."

ವೈರಣ್ಣ ಒಂದು ಹಾಳೆ ಎತ್ತಿ ನೋಡಿದ. ಒಂದು ಬದಿಗೆ ಅವಳ ಹತ್ತೊಂಬತ್ತು ವರ್ಷದ ಸೇವೆ. ಮಗುಚಿದರೆ ಟ್ಯೂಬ್‌ಲೈಟು ಹನ್ನೆರಡು, ಪೊರಕೆ ಮೂವತ್ತು. ಹಾಳೆಯನ್ನು ಅಲ್ಲೇ ಇಟ್ಟು ಇಳಿದ.

ಕೆಳಗೆ ಹೊಸ ಪ್ರಿಂಟರು ಗರಗರ ಸದ್ದು ಮಾಡುತ್ತಿತ್ತು. ನಾದಿನಿಯ ಮುಖ ಅರಳಿತ್ತು.

"ಬಂತು ಭಾವ! ಸಾಹೇಬರ ಹತ್ರಾನೂ ಮಾತಾಡಿದೆ. ಯಂತ್ರದ ಕಡೆ ತಪ್ಪಾಗಿದ್ರೆ ಸಂಜೆವರೆಗೂ ತಗೋತಾರಂತೆ. ಅರ್ಜಿ ಹಾಕಿದವರದ್ದೇ ತಪ್ಪಾದ್ರೆ ಮಾತ್ರ ಇಲ್ಲವಂತೆ. ನಿಮ್ಮ ವರದಿ ಬೇಕು, ಅಷ್ಟೇ. ಸದ್ಯ, ಬರೆಯೋರು ನೀವು!"

ವರದಿಯ ನಮೂನೆಯನ್ನೂ ಅವಳೇ ತೆಗೆದಿಟ್ಟಿದ್ದಳು. ವೈರಣ್ಣ ಕೂತು ತಾರೀಖು ಬರೆದ, ಕೋಣೆಯ ಸಂಖ್ಯೆ ಬರೆದ. 'ದೋಷಕ್ಕೆ ಕಾರಣ' ಎಂಬಲ್ಲಿ ಪೆನ್ನು ನಿಂತಿತು. ನವೀಕರಣದ ತಪ್ಪೆಂದು ಬರೆದರೆ ಹಳೆಯ ಹೆಸರನ್ನು ಯಾಕೆ ಅಳಿಸಲಿಲ್ಲ ಎಂದು ಅವನನ್ನೇ ಕೇಳುತ್ತಾರೆ. ತಂತ್ರಜ್ಞನ ಅಜಾಗರೂಕತೆ ಎಂದು ಬರೆದರೆ ಅದು ಈ ವರ್ಷದ ಮೂರನೆಯದು. ಮೂರಾದರೆ ಮನೆಗೆ ಕಳಿಸುತ್ತೇವೆಂದು ಗುತ್ತಿಗೆದಾರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಐವತ್ತನಾಲ್ಕು ವಯಸ್ಸು, ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಹಾಗೆ ನೋಡಿದರೆ ಪ್ರಿಂಟ್ ಕೊಡುವ ಮುಂಚೆ ಅವಳೂ ಒಂದು ಸಲ ಕಣ್ಣುಬಿಟ್ಟು ನೋಡಬಹುದಿತ್ತಲ್ಲ. ಮನುಷ್ಯನಿಗೆ ಹೇಡಿತನ ಬಂದಾಗ ಲಾಯರಿಗಿಂತ ಚೆನ್ನಾಗಿ ವಾದ ಹೊಳೆಯುತ್ತದೆ. ಅವನು ಬರೆದ: 'ಬಳಕೆದಾರರು ತಪ್ಪು ಪ್ರಿಂಟರ್ ಆಯ್ಕೆ ಮಾಡಿದ್ದು. ಯಂತ್ರದಲ್ಲಿ ದೋಷವಿಲ್ಲ.'

"ಇಲ್ಲಿ ನಿನ್ನ ಸಹಿ ಬೇಕು," ಎಂದ.

ಅವಳು ಬಿಸಿ ಹಾಳೆಗಳನ್ನು ಎಂಟು ಗುಡ್ಡೆ ಮಾಡುತ್ತಿದ್ದಳು. "ನೀವು ಬರೆದ ಮೇಲೆ ಓದೋದೇನಿದೆ?" ಎಂದು ನಿಂತಲ್ಲೇ ಬಗ್ಗಿ ಸಹಿ ಹಾಕಿದಳು.

ಮೂರನೇ ಮಹಡಿಗೆ ಇಬ್ಬರೂ ಹೋದರು. ಎಂಟು ಪ್ರತಿಗಳನ್ನು ಎದೆಗವಚಿಕೊಂಡು ಅವಳು ಪ್ರತಿ ಮಹಡಿಗೂ ನಿಂತು ಉಸಿರು ತೆಗೆದುಕೊಂಡಳು. ಆಡಳಿತಾಧಿಕಾರಿ ಮೊದಲು ವರದಿ ಕೇಳಿ ಪಡೆದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಏನಮ್ಮಾ ಇದು? ತಪ್ಪು ನಿಮ್ಮದೇ ಅಂತ ಬರೆದಿದೆ. ಸಹಿನೂ ನಿಮ್ಮದೇ ಇದೆ."

ಅವಳಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. "ಇಲ್ಲ ಸಾರ್, ಪಟ್ಟಿಯಲ್ಲಿ ಎರಡು ಹೆಸರಿತ್ತು. ಯಾಕೆ ಎರಡಿದೆ ಅಂತ ನಾನು ಅವತ್ತೇ ಇವರನ್ನ ಕೇಳಿದ್ದೆ. ಇರ್ಲಿ ಬಿಡು ಅಂದ್ರು."

ಅಧಿಕಾರಿ ವೈರಣ್ಣನ ಕಡೆ ತಿರುಗಿದರು. "ಹೌದೇನ್ರೀ?"

ಒಂದು 'ಹೌದು' ಸಾಕಿತ್ತು. ದೇವರು ಇಷ್ಟು ಸುಲಭದ ಪ್ರಶ್ನೆಯನ್ನು ಯಾರಿಗೂ ಎರಡು ಸಲ ಕೇಳುವುದಿಲ್ಲ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಮೇಜಿನ ಮೇಲಿನ ಗಂಟೆಯನ್ನು ನೋಡುತ್ತಿದ್ದ.

"ಹಾಗೆ ಕೇಳಿದ ನೆನಪಿಲ್ಲ ಸಾರ್."

ಅಧಿಕಾರಿ ವರದಿಯನ್ನು ಕಡತಕ್ಕೆ ಸೇರಿಸಿ, ಅರ್ಜಿಯ ಎಂಟೂ ಪ್ರತಿಗಳನ್ನು ಅವಳ ಕಡೆಗೇ ತಳ್ಳಿದರು. ಅವಳು ವಾದ ಮಾಡಲಿಲ್ಲ. ಒಂದೊಂದಾಗಿ ಎತ್ತಿಕೊಂಡು ಹೊರಗೆ ಬಂದಳು. ವೈರಣ್ಣ ಹಿಂದೆಯೇ ಬಂದ.

"ನೋಡಮ್ಮ, ನನ್ನ ಕೆಲಸ ಹೋಗ್ತಿತ್ತು. ನಿಮ್ಮಕ್ಕ, ಮನೆ, ಎಲ್ಲ…"

"ಅಕ್ಕನಿಗೆ ನಾನೇ ಹೇಳ್ತೀನಿ," ಎಂದಳು ಅವಳು. ದನಿ ಏರಲಿಲ್ಲ, ಅಳುವೂ ಇರಲಿಲ್ಲ. "ನಾನೇ ಏನೋ ತಪ್ಪು ಒತ್ತಿಬಿಟ್ಟೆ ಅಂತೀನಿ. ನೀವು ಬಾಯಿ ಬಿಡಬೇಡಿ. ಅವಳು ನಿಮ್ಮ ಜೊತೆ ಇನ್ನೂ ಬಾಳ್ಬೇಕು."

ಎರಡು ಮೆಟ್ಟಿಲು ಇಳಿದು, ಹಾಳೆಗಳನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

"ನೀವು ಹೊರಡಿ ಸಾರ್, ನಿಮಗೆ ಕೆಲಸ ಇರತ್ತೆ."

ಅವಳ ಅಕ್ಕನನ್ನು ಅವನು ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅವಳ ಬಾಯಲ್ಲಿ ಅವನು ಭಾವನಲ್ಲದೆ ಬೇರೇನಾದರೂ ಆದದ್ದು ಅವತ್ತೇ ಮೊದಲು.