ಬಸವನಹುಳುವಿನ ಉಳಿದರ್ಧ

ಬೀಗ ರಿಪೇರಿಯವನನ್ನು ಆ ಬೀದಿಯವರು ಸಿಡುಕ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು. ಅವನೂ ಆ ಹೆಸರಿಗೆ ಸಿಡುಕುತ್ತಲೇ ಓಗೊಡುತ್ತಿದ್ದ.

ಎರಡು ಕಟ್ಟಡಗಳ ನಡುವಿನ ಸಂದಿನಲ್ಲಿ ಅವನ ಗೂಡಂಗಡಿ. ಕೈ ಎರಡೂ ಚಾಚಿದರೆ ಎರಡು ಗೋಡೆಯೂ ಬೆರಳಿಗೆ ತಾಗುತ್ತಿದ್ದವು. ಒಳಗೆ ಕೀ ಕತ್ತರಿಸುವ ಯಂತ್ರ, ಕೀ ಕಚ್ಚಿ ಹಿಡಿಯುವ ಒಂದು ವೈಸು, ಅರಗಳ ಡಬ್ಬ, ಇನ್ನೂ ಹಲ್ಲು ಮೂಡದ ಖಾಲಿ ಕೀಗಳ ಗೊಂಚಲು, ಒಂದು ಸ್ಟೂಲು. ಎರಡನೇ ಸ್ಟೂಲಿಗೆ ಜಾಗವಿರಲಿಲ್ಲ. ಇದ್ದಿದ್ದರೂ ಅವನು ಇಡುತ್ತಿರಲಿಲ್ಲ. ಊರಿನ ಅರ್ಧ ಮನೆಗಳಿಗೆ ಎರಡನೇ ಕೀ, ಮೂರನೇ ಕೀ ಮಾಡಿಕೊಟ್ಟವನು ಅವನೇ. ಅವನ ಸ್ವಂತ ಕೋಣೆಗೆ ಮಾತ್ರ ಇದ್ದದ್ದು ಒಂದೇ ಕೀ. ಅದು ಅವನ ಸೊಂಟದಲ್ಲಿರುತ್ತಿತ್ತು.

ಈ ಒಂದೇ ಕೀಯೇ ಈಗ ಅಕ್ಕ ತಮ್ಮನ ನಡುವೆ ಬಂದು ನಿಂತಿತ್ತು.

ಹಿಂದಿನ ತಿಂಗಳು ಅವನಿಗೆ ಜ್ವರ ಬಂದಿತ್ತು. ಮೂರು ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ಎರಡನೇ ದಿನ ಅಕ್ಕ ಬಂದು ಬಾಗಿಲು ಬಡಿದಳು. ಅವನಿಗೆ ಕೇಳಿಸಿತು, ಆದರೆ ಹೊರಗೆ ಕೇಳುವಷ್ಟು ದನಿ ಹೊರಡಲಿಲ್ಲ. ಅವಳು ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕುಳಿತು, ಎಲ್ಲೋ ಕೆಲಸಕ್ಕೆ ಹೋಗಿದ್ದಾನೆ ಎಂದುಕೊಂಡು ಎದ್ದು ಹೋದಳು. ಒಳಗೇ ಇದ್ದ ಎಂದು ಆಮೇಲೆ ತಿಳಿದ ಮೇಲೆ ನೇರವಾಗಿ ಅಂಗಡಿಗೆ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುವ ಕೆಲಸ ಅವಳದು. ಸಿಟ್ಟು ಬಂದರೂ ಅವಳ ಮಾತು ಇಸ್ತ್ರಿ ಮಾಡಿಟ್ಟ ಹಾಗೇ ಇರುತ್ತಿತ್ತು.

"ನಂಗೊಂದು ಕೀ ಮಾಡ್ಕೊಡು."

"ಯಾತಕ್ಕೆ?"

"ಯಾತಕ್ಕೆ ಅಂತ ಬೇರೆ ಕೇಳ್ತಾನೆ. ಬೇರೆಯವರ ಮನೇಲಿ ಹೀಗಾದ್ರೆ ಬೀಗ ತೆಗೆಯೋನ್ನ ಕರೀತಾರೆ. ನಿನ್ನ ಮನೇಲಾದ್ರೆ ಬೀಗ ತೆಗೆಯೋನೇ ಒಳಗೆ ಬಿದ್ದಿರ್ತಾನೆ. ನಾನ್ಯಾರನ್ನ ಕರೀಲಿ?"

ಎದುರಿನಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾಮ ಕಣ್ಣಿಗೆ ಕಚ್ಚಿಕೊಂಡ ಭೂತಗನ್ನಡಿ ಬೀಳುವಷ್ಟು ನಕ್ಕ. ಸಿಡುಕನಿಗೆ ಮೈ ಉರಿಯಿತು. "ನಂಗ್ಯಾರೂ ಬೇಡ. ಬಸವನಹುಳು ಯಾರಿಗಾದ್ರೂ ಕೀ ಕೊಡುತ್ತಾ?" ಎಂದ.

"ಮತ್ತೆ ಶುರುವಾಯ್ತು ಹುಳದ ಪುರಾಣ" ಎಂದಳು ಅಕ್ಕ. "ಆಯ್ತಪ್ಪ. ಕೀ ನನ್ನ ಕೈಗೆ ಬರೋ ತನಕ ನಿನ್ನ ಬಾಗಿಲಿಗೆ ನಾನು ಬರಲ್ಲ. ಬಡಿದು ಬಡಿದು ವಾಪಸ್ ಬರೋಕೆ ನನ್ನ ಕೈಯಲ್ಲಾಗಲ್ಲ."

ಅವಳು ಆಡಿದ ಮಾತಿನಂತೆಯೇ ನಡೆದುಕೊಂಡಳು. ಮೂರು ವಾರವಾಗಿತ್ತು. ವಾರಕ್ಕೆ ಎರಡು ಸಲ ಬಾಗಿಲು ಬಡಿಯುತ್ತಿದ್ದ ಕೈ ಅದೊಂದೇ. ಅದು ನಿಂತ ಮೇಲೆ ಅವನ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳತೊಡಗಿತು. ಅವನು ನಲ್ಲಿ ರಿಪೇರಿ ಮಾಡಿದ. ಆಮೇಲೆ ಅದೂ ಕೇಳಲಿಲ್ಲ.

ಹುಳದ ಪುರಾಣ ಎಂದು ಅಕ್ಕ ಹಂಗಿಸಿದ್ದು ಶಾಲೆಯ ಒಂದು ಪದ್ಯವನ್ನು. ಬಸವನಹುಳುವಿನ ಮೇಲೆ ಯಾವನೋ ಹಳೇ ಕಾಲದ ಕವಿ ಬರೆದ ಆರು ನುಡಿಯ ಪದ್ಯ. ಒಂದು ಶುಕ್ರವಾರ ಟೀಚರು ಮೂರು ನುಡಿ ಮುಗಿಸಿ, ಉಳಿದದ್ದು ಸೋಮವಾರ ಎಂದಿದ್ದರು. ಸೋಮವಾರ ಅವನು ಈ ಗೂಡಂಗಡಿಯಲ್ಲಿ ಅರ ಹಿಡಿದು ನಿಂತಿದ್ದ. ಶನಿವಾರ ಅಪ್ಪ ಹೋಗಿಬಿಟ್ಟಿದ್ದ, ಗೂಡಂಗಡಿ ಅಪ್ಪನದು. ಪುಸ್ತಕ ಶಾಲೆಯದಾದ್ದರಿಂದ ಅದನ್ನೂ ವಾಪಸು ಕೇಳಿದರು. ಅಪ್ಪ ಸತ್ತ ವಾರವೇ ಪುಸ್ತಕ ಕೇಳಲು ಆಳು ಕಳಿಸಿದ ಶಾಲೆಯ ಮೇಲೆ ಅವನಿಗೆ ಹುಟ್ಟಿದ ಸಿಟ್ಟು ಹನ್ನೊಂದು ವರ್ಷವಾದರೂ ಆರಿರಲಿಲ್ಲ. ಆ ಉಳಿದ ಮೂರು ನುಡಿಯನ್ನು ಯಾರಲ್ಲೂ ಕೇಳುವುದಿಲ್ಲ ಎಂದು ಅವನು ಹಟ ಹಿಡಿದ. ಇದ್ದ ಮೂರರಲ್ಲೇ ಬದುಕಿದ.

ತನ್ನಳತೆಗೆ ತಾನೇ ಕಟ್ಟಿದ ಮನೆ,
ತಾನೇ ಹೊಸ್ತಿಲು, ತಾನೇ ಒಡೆಯ.

ಶುರುವೇ ಹಾಗೆ. ಅದಕ್ಕೆ ಬಾಡಿಗೆಯಿಲ್ಲ, ಪಕ್ಕದ ಮನೆಯಿಲ್ಲ, ಬಾ ಎಂದು ಯಾರೂ ಕರೆಯಬೇಕಿಲ್ಲ. ಹದಿನಾಲ್ಕರ ಹುಡುಗನಿಗೆ, ನೆಂಟರೆಲ್ಲ ಬಂದು ತಲೆ ಸವರಿ ಜಾರಿಕೊಂಡ ಆ ವಾರ, ಈ ಸಾಲುಗಳು ಹಿಡಿದುಕೊಳ್ಳಲು ಒಂದು ಗೂಟವಾದವು.

ಅಕ್ಕ ಬರುವುದು ನಿಂತು ಮೂರು ವಾರವಾಗಿದ್ದ ಒಂದು ಬೆಳಿಗ್ಗೆ, ಬಿಳಿ ಕೂದಲಿನ ಹೆಂಗಸೊಬ್ಬರು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಅಂಗಡಿಗೆ ಬಂದರು. ಕೈಯಲ್ಲಿ ಖಾಲಿ ಕಸದ ಬುಟ್ಟಿ.

"ಕಸ ಹಾಕೋಕೆ ಕೆಳಗಿಳಿದೆ ಕಣಪ್ಪ. ಗಾಳಿಗೆ ಬಾಗಿಲು ಹಾಕ್ಕೊಂಡ್‌ಬಿಡ್ತು. ಕೀ ಒಳಗಿದೆ."

"ಇನ್ನೊಂದು ಕೀ ಇಲ್ವಾ?"

"ಮೂರಿವೆ. ಕೆಳಗಿನ ಮನೆಯವರ ಹತ್ರ ಒಂದು, ಎದುರು ಮನೆ ನರ್ಸಮ್ಮನ ಹತ್ರ ಒಂದು, ಮೂಲೆ ಟೈಲರ್ ಹತ್ರ ಒಂದು. ಮೂರೂ ಜನ ಇವತ್ತೇ ಊರಲ್ಲಿಲ್ಲ."

ಸಿಡುಕ ಚೀಲ ಹೆಗಲಿಗೇರಿಸಿದ. ಮನೆ ಮೂರನೇ ಮಹಡಿ. ಬಾಗಿಲಿನ ಸಂದಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಚಿಲಕ ಹಿಂದಕ್ಕೆ ತಳ್ಳಲು ನೋಡಿದ. ಚೌಕಟ್ಟಿಗೆ ಹೊಡೆದ ಮರದ ಪಟ್ಟಿ ಅಡ್ಡ ಬಂತು. ಮಂಡಿಯೂರಿ ಕುಳಿತು, ಸಣ್ಣ ಕೊಕ್ಕೆಯಿಂದ ಬೀಗದೊಳಗಿನ ಪಿನ್ನುಗಳನ್ನು ಒಂದೊಂದಾಗಿ ಮೇಲಕ್ಕೆತ್ತತೊಡಗಿದ. ಹೆಂಗಸು ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತರು.

"ಮನೇಲಿ ಎಷ್ಟು ಜನ?"

"ನಾನೊಬ್ಬಳೇ."

"ಒಬ್ಬರೇ ಇರೋರಿಗೆ ನಾಲ್ಕು ಕೀ. ಅವರೆಲ್ಲ ಒಳಗೆ ಬಂದ್ರೆ?"

"ಬರ್ತಾರೆ. ಟೈಲರ್ ಒಂದ್ಸಲ ಬಂದು ಡಬ್ಬದಲ್ಲಿದ್ದ ಬಿಸ್ಕತ್ ಪೂರ್ತಿ ತಿಂದು, 'ಮೆತ್ತಗಾಗಿತ್ತು, ಬೇರೆ ತನ್ನಿ' ಅಂತ ಚೀಟಿ ಬರೆದಿಟ್ಟು ಹೋಗಿದ್ದ."

ಕೊನೆಯ ಪಿನ್ನು ಎದ್ದು ಬೀಗ ತಿರುಗಿತು. ಮುಂದೆ ಹೀಗಾಗಬಾರದೆಂದರೆ ಹೊರಗೆ ಹೋಗುವಾಗ ಚಿಲಕವನ್ನು ಒಳಗೊತ್ತಿ ಗುಂಡಿ ಕೆಳಗೆಳೆಯಬೇಕು ಎಂದು ಅವನು ಎರಡು ಸಲ ಮಾಡಿ ತೋರಿಸಿದ.

"ಅರ್ಥ ಆಯ್ತು, ಕಂಠಪಾಠ ಆಗ್ಲಿಲ್ಲ" ಎಂದರು ಅವರು. "ಇನ್ನೊಂದ್ಸಲ ತೋರಿಸು."

ಸಿಡುಕನ ಕೈ ಗುಂಡಿಯ ಮೇಲೇ ನಿಂತಿತು. ಅರ್ಥ ಆಯ್ತೋ, ಕಂಠಪಾಠ ಆಯ್ತೋ? ಶಾಲೆಯಲ್ಲಿ ಪ್ರತಿ ಪಾಠದ ಕೊನೆಗೂ ಆ ದನಿ ಹೀಗೇ ಕೇಳುತ್ತಿತ್ತು. ಕೂದಲು ಬೆಳ್ಳಗಾಗಿತ್ತು, ದನಿ ಮಾತ್ರ ಕರ್ರಗೇ ಇತ್ತು.

"ಟೀಚರ್" ಎಂದ. "ಬಸವನಹುಳು ಪದ್ಯ. ಶುಕ್ರವಾರ ಅರ್ಧ ಮಾಡಿದ್ರಿ. ಇನ್ನರ್ಧ ನಂಗೆ ಬಾಕಿ ಇದೆ."

ಅವರು ಅವನ ಮುಖ ಹುಡುಕಿದರು. ನೆನಪಾದ ಹಾಗೆ ನಟಿಸಲಿಲ್ಲ. "ಯಾವ ಶುಕ್ರವಾರನೋ ಗೊತ್ತಿಲ್ಲಪ್ಪ. ಒಳಗೆ ಬಾ" ಎಂದರು.

ಒಳಗೆ ಒಂದು ಮಂಚ, ಒಂದು ಮೇಜು, ಮೂರು ಕುರ್ಚಿ, ಪುಸ್ತಕ. ಅವರು ಹಳೇ ಪಠ್ಯಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಓದುವಂತೆ ನಿಂತೇ ಓದಿದರು.

ಕರೆದರೆ ಬಾರದು, ಕಾದರೆ ತೋರದು,
ಕೊರತೆಯೆಂಬುದು ಅದರ ಬಾಗಿಲ ಸೇರದು.

ಹಾಗೇ ಮೂರು ನುಡಿಯೂ ಮುಗಿಯಿತು. ಹುಳು ಗೋಡೆ ಹತ್ತಿತು, ಒಣ ಹವೆಗೆ ಬಾಯಿ ಮುಚ್ಚಿಕೊಂಡಿತು, ಹನಿ ಬಿದ್ದಾಗ ತೆರೆಯಿತು. ಯಾರೂ ಬರಲಿಲ್ಲ. ಅದಕ್ಕೆ ಯಾರೂ ಬೇಕಾಗಲಿಲ್ಲ. ಮೊದಲರ್ಧ ಹೇಳಿದ್ದನ್ನೇ ಎರಡನೆಯ ಅರ್ಧ ಇನ್ನೂ ಗಟ್ಟಿಯಾಗಿ ಹೇಳಿತು.

"ಇಷ್ಟೇನಾ?" ಎಂದ ಸಿಡುಕ.

"ಇಷ್ಟೇ. ಯಾಕೆ?"

ಯಾಕೆ ಎಂದು ಅವನಿಗೂ ತಕ್ಷಣ ತಿಳಿಯಲಿಲ್ಲ. ತನ್ನ ಮಾತೇ ಗೆದ್ದಿದ್ದಕ್ಕೆ ಅವನು ಕುಣಿಯಬೇಕಿತ್ತು. ಅದರ ಬದಲು ಪುಸ್ತಕದ ಮುಂದಿನ ಪುಟ ಇಣುಕಿ ನೋಡಿದ. ಉಳಿದರ್ಧದಲ್ಲಿ ಎಲ್ಲೋ ಒಂದು ಕಡೆ ಆ ಹುಳು ಸೋಲುತ್ತದೆ, ಯಾರೋ ಅದನ್ನು ಎತ್ತಿ ನೆರಳಿಗಿಡುತ್ತಾರೆ ಎಂದು ತಾನು ಹನ್ನೊಂದು ವರ್ಷ ಕಾದಿದ್ದು ಅವನಿಗೆ ಆಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿತು.

"ಸುಳ್ಳು" ಎಂದ.

"ಯಾವುದು?"

"ಹುಳಕ್ಕೆ ಕೊರತೆ ಇಲ್ಲ ಅಂತ ಹೇಳಿದ್ಯಾರು? ಹುಳ ಹೇಳ್ತಾ? ಈ ಕವಿ ಹೇಳಿದ್ದು. ಅದು ಗೋಡೆ ಹತ್ತಿದ್ದು, ಬಾಯಿ ಮುಚ್ಚಿದ್ದು, ಹನಿ ಬಿದ್ದಾಗ ತೆಗೆದಿದ್ದು ಎಲ್ಲ ನೋಡಿದಾನೆ. ಅಂದ್ರೆ ದಿನಗಟ್ಟಲೆ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ ಅಂತ ಆಯ್ತು. ಒಂಟಿ ಎಲ್ಲಿ ಬಂತು? ಅಲ್ಲಿ ಇಬ್ಬರಿದ್ರು." ಉಸಿರು ಎಳೆದುಕೊಂಡ. "ಇನ್ನೊಂದು. ಯಾರೂ ಬೇಡ ಅನ್ನೋದು ಅಷ್ಟು ಚೆನ್ನಾಗಿದ್ರೆ ಇವನು ತಾನೂ ಬಾಯಿ ಮುಚ್ಕೊಂಡು ಚಿಪ್ಪಲ್ಲಿ ಇರಬೇಕಿತ್ತು. ಬರೆದು ನಮ್ಮ ಕೈಗೆ ಯಾಕೆ ಕೊಟ್ಟ?"

ಟೀಚರು ಪುಸ್ತಕ ಮಡಚಿದರು. "ಪರೀಕ್ಷೇಲಿ ಹೀಗೆ ಬರೆದ್ರೆ ನಾನು ಮಾರ್ಕ್ಸ್ ಕೊಡ್ತಿರಲಿಲ್ಲ."

"ನಂಗೆ ಪರೀಕ್ಷೆ ಇಲ್ಲ ಟೀಚರ್."

"ಅದೂ ಸರಿ." ಅವರು ಕುರ್ಚಿಯಲ್ಲಿ ಕುಳಿತರು. "ನಂಗೆ ಈ ಹುಳ ಇಷ್ಟ ಕಣಪ್ಪ, ಸುಳ್ಳು ಯಾಕೆ ಹೇಳಲಿ? ಇಷ್ಟೊತ್ತಿಗೆ ಏಳು, ಇಷ್ಟೊತ್ತಿಗೆ ಉಣ್ಣು ಅಂತ ನಂಗ್ಯಾರೂ ಹೇಳಲ್ಲ. ಸುಖವಾಗಿದೀನಿ. ಆದ್ರೆ ಅದು ಮನೇನ ಬೆನ್ನ ಮೇಲೆ ಹೊತ್ಕೊಂಡಿರುತ್ತೆ, ಮನೆ ಹೊರಗೆ ಉಳ್ಕೊಳ್ಳೋ ಪ್ರಶ್ನೆನೇ ಇಲ್ಲ. ನನ್ನ ನೋಡು. ಕಸ ಹಾಕೋಕೆ ಹೋಗಿ ಬೀದಿ ಪಾಲಾದೆ. ಕಾಲು ಜಾರಿ ಒಳಗೇ ಬಿದ್ದಿದ್ರೆ ಇನ್ನೂ ಫಜೀತಿ. ಅದಕ್ಕೇ ಮೂರು ಕೀ."

ಸಿಡುಕ ಚೀಲದ ಬಾಯಿ ಕಟ್ಟಿದ.

"ಸೋಮವಾರ ಯಾಕೆ ಬರಲಿಲ್ಲ ನೀನು?" ಎಂದು ಕೇಳಿದರು.

"ಅಪ್ಪ ಹೋದ್ರು."

ಅವರು ತಲೆಯಾಡಿಸಿದರು. ಅಯ್ಯೋ ಎನ್ನಲಿಲ್ಲ. ಟೀ ಕುಡಿದು ಹೋಗು ಎಂದರು. ಅವನು ಕುಡಿದು ಹೋದ.

ಅಂಗಡಿಗೆ ಬಂದವನು ಸೊಂಟದ ಕೀ ಬಿಚ್ಚಿ ಯಂತ್ರದ ಒಂದು ಹಿಡಿಗೆ ಸಿಕ್ಕಿಸಿದ, ಇನ್ನೊಂದಕ್ಕೆ ಖಾಲಿ ಕೀ. ಯಂತ್ರ ಕಿರುಗುಟ್ಟಿತು, ಹಿತ್ತಾಳೆ ಪುಡಿ ಉದುರಿತು. ಅವನದು ಅಪ್ಪನ ಕಾಲದ ಕೀ, ಹಲ್ಲು ಸವೆದಿತ್ತು. ಸವೆದ ಕೀ ನೋಡಿ ಕತ್ತರಿಸಿದರೆ ಹೊಸದಕ್ಕೂ ಆ ಸವಕಲೇ ಬರುತ್ತದೆ. ಸವೆದ ಕೀ ತಂದ ಗಿರಾಕಿಗಳನ್ನು ಅವನು ಇದಕ್ಕೇ ಬೈದು ಕಳಿಸುತ್ತಿದ್ದ.

"ಯಾರದ್ದೋ ಅದು ಕೀ?" ಎಂದು ಗಡಿಯಾರದ ಮಾಮ ಕೂಗಿದ.

"ನಿಮ್ಮ ಗಡಿಯಾರ ನೋಡ್ಕೊಳ್ಳಿ ಮಾಮ. ಹತ್ತು ನಿಮಿಷ ಹಿಂದಿದೆ."

ಸಂಜೆ ಪಾಳಿ ಬಿಡುವ ಹೊತ್ತಿಗೆ ಅವನು ಲಾಂಡ್ರಿ ಗೇಟಿನಲ್ಲಿ ನಿಂತಿದ್ದ. ಅಕ್ಕ ಸೋಪಿನ ವಾಸನೆ ಸಮೇತ ಹೊರಬಂದಳು. ಅವನನ್ನು ಕಂಡು ಅವಳ ಮುಖ ಒಮ್ಮೆಲೇ ಬಿಳುಚಿತು. "ಏನಾಯ್ತೋ?"

"ಏನೂ ಆಗಿಲ್ಲ. ಒಂದು ಕೀ ಟೆಸ್ಟ್ ಮಾಡಬೇಕು, ಬಾ."

"ನಾನ್ಯಾಕೆ?"

"ಹೊರಗಡೆಯಿಂದ ಒಬ್ಬರು ಬೇಕು."

ಅವಳು ಅವನ ಅಂಗೈಯಲ್ಲಿದ್ದ ಹೊಸ ಕೀ ನೋಡಿದಳು. ಅದನ್ನು ತೆಗೆದುಕೊಂಡು ಮುಂದೆ ನಡೆದಳು. ದಾರಿಯುದ್ದಕ್ಕೂ ಅದು ಅವಳ ಮುಷ್ಟಿಯಲ್ಲೇ ಇತ್ತು.

"ಮೊದಲು ಬಾಗಿಲು ಬಡೀಬೇಕು, ಆಮೇಲೆ ಕೀ" ಎಂದ ಅವನು, ಮೆಟ್ಟಿಲು ಹತ್ತುವಾಗ. "ಕೀ ಇದೆ ಅಂತ ಸೀದಾ ನುಗ್ಗಂಗಿಲ್ಲ."

"ಬಡಿದಾಗ ನೀನು ತೆಗೆಯೋ ಹಾಗಿದ್ರೆ ನಂಗೆ ಕೀ ಯಾಕೋ ಬೇಕಿತ್ತು?"

ಅವನು ಅವಳನ್ನು ಹೊರಗೆ ನಿಲ್ಲಿಸಿದ. ಒಳಗೆ ಹೋಗಿ ಬೀಗ ಹಾಕಿಕೊಂಡ, ಕೀ ಹೊರಗೆಳೆದ, ಮಂಚದ ಮೇಲೆ ಕುಳಿತ. ಜ್ವರದಲ್ಲಿ ಮಲಗಿದ್ದ ಅದೇ ಜಾಗ. ಬಾಗಿಲ ಮೇಲೆ ಮೂರು ಸಲ ಬಡಿದ ಸದ್ದಾಯಿತು.

"ಈಗ ಬಡಿಬೇಡ. ಕೀ ಹಾಕು."

"ಅಭ್ಯಾಸ ಕಣೋ." ಕೀ ಒಳಗೆ ಹೋದದ್ದು ಕೇಳಿಸಿತು. ಕರಕರ ಎಂದು ಸದ್ದು. ನಿಂತಿತು. ಮತ್ತೆ ಕರಕರ. "ತಿರುಗ್ತಾ ಇಲ್ಲ."

ಸಿಡುಕ ಎದ್ದು ಹೋಗಿ ತಾನೇ ತೆಗೆಯಬಹುದಿತ್ತು. ಕೀ ಸರಿಯಾಗಿಲ್ಲ, ನಾಳೆ ಬೇರೆ ಮಾಡ್ತೀನಿ ಎನ್ನಬಹುದಿತ್ತು. ಆ ನಾಳೆ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಬಾಗಿಲಾಚೆ ನಿಂತವಳಿಗೂ ಗೊತ್ತಿತ್ತು. ಈಗ ವಾಪಸ್ ಹೋದರೆ ಅವಳು ಇನ್ನು ಬಡಿಯುತ್ತಿರಲಿಲ್ಲ.

"ಸ್ವಲ್ಪ ಹೊರಗೆಳಿ" ಎಂದ. "ಒಂದು ಕೂದಲಷ್ಟು."

"ಎಳೆದೆ."

"ಈಗ ಕೀನ ಮೇಲಕ್ಕೆ ಎತ್ತು. ಜೋರು ಮಾಡಬೇಡ. ಎತ್ತಿ ಹಿಡ್ಕೊಂಡೇ ತಿರುಗಿಸು."

ಬೀಗ ಕಟಕ್ಕೆಂದಿತು. ಅಪ್ಪ ಹೋದ ಮೇಲೆ ತನ್ನ ಕೈ ತಾಗದೆ ಆ ಸದ್ದಾದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಬಾಗಿಲು ತೆರೆಯಿತು. ಅಕ್ಕ ಹೊಸ್ತಿಲಲ್ಲಿ ನಿಂತು ಮೊದಲು ಮಂಚ ನೋಡಿದಳು, ಮಂಚದಿಂದ ಬಾಗಿಲಿಗೆ ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದಳು. ಆರು ಹೆಜ್ಜೆಯೂ ಇರಲಿಲ್ಲ.

"ಅರ್ಥ ಆಯ್ತಾ?" ಎಂದ ಅವನು.

"ಆಯ್ತು." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ತಡಿ, ಇನ್ನೊಂದ್ಸಲ ನೋಡ್ತೀನಿ. ನೀನು ಏಳಬೇಡ" ಎಂದು ಮತ್ತೆ ಹೊರಗೆ ಹೋಗಿ ಬಾಗಿಲೆಳೆದುಕೊಂಡು ತಾನೇ ಬೀಗ ಹಾಕಿದಳು.

ಸಿಡುಕ ಏಳಲಿಲ್ಲ.